ಕಮಲಾಪುರಕ್ಕೆ ಬಂದರೆ ಏಳದ ಕಂಪ್ಯೂಟರ್

ಕಮಲಾಪುರದಲ್ಲಿ ಸರ್ಕಾರಿ ಕಚೇರಿಯೊಂದರ ಎದುರು, ಚಹಾದಂಗಡಿಗೆ ಅಂಟಿಕೊಂಡು, ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು ಸಣ್ಣ ಕೋಣೆಯಿದೆ. ಸುಜಾತಾ ಅಲ್ಲಿ ಕೂತು ಜನರ ಅರ್ಜಿ ಟೈಪ್ ಮಾಡಿಕೊಡಲು ಶುರುಮಾಡಿ ಹದಿನಾಲ್ಕು ವರ್ಷವಾಯಿತು. ಈ ನಡುವೆ ಕಮಲಾಪುರ ತಾಲ್ಲೂಕಾಯಿತು. ಬೋರ್ಡುಗಳು ಬದಲಾದವು, ಕುರ್ಚಿಗಳು ಹೆಚ್ಚಾದವು, ಅರ್ಜಿಗಳು ಮಾತ್ರ ಅವೇ ಉಳಿದವು.

ಅವಳು ಹುಟ್ಟಿದ್ದು ಕಲಬುರಗಿಯ ಗಾಜಿಪುರದಲ್ಲಿ. ಅಪ್ಪ ಮಿಲ್ಲಿನ ಕೆಲಸಗಾರ. ಓದುಬರಹ ಬಾರದ ಆತ ಒಮ್ಮೆ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಅದರಲ್ಲಿ ಏನಿತ್ತೆಂದು ಎರಡು ವರ್ಷ ಬಿಟ್ಟು ತಿಳಿದುಕೊಂಡಿದ್ದ. ಮರುವಾರವೇ ಮಗಳನ್ನು ಊರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಒಂದು ಮಾಳಿಗೆಯ ಮೇಲಿದ್ದ ಟೈಪಿಂಗ್ ಕ್ಲಾಸಿಗೆ ಸೇರಿಸಿದ. ಸುಜಾತಾ ಕನ್ನಡ ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸಾದಳು, ಲೈನ್‌ಮನ್ ಆನಂದಕುಮಾರನನ್ನು ಮದುವೆಯಾಗಿ ಕಮಲಾಪುರಕ್ಕೆ ಬಂದಳು. ಮಾತು ಕಡಿಮೆ. ಅರ್ಜಿ ಬರೆಸಲು ಬಂದವರು ಅತ್ತರೆ ಒಂದು ಗ್ಲಾಸು ನೀರು ಕೊಡುತ್ತಾಳೆ. ಅಳು ನಿಂತ ಮೇಲೆ, "ಈಗ ತಾರೀಖು ಹೇಳ್ರಿ" ಅನ್ನುತ್ತಾಳೆ.

ಅವಳ ಕಂಪ್ಯೂಟರು ನಗರದಲ್ಲಿ ಬಾಗಿಲು ಹಾಕಿದ ತರಬೇತಿ ಕೇಂದ್ರವೊಂದರಿಂದ ಬಂದದ್ದು. ಮುಂಜಾನೆ ಸ್ವಿಚ್ಚು ಹಾಕಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಇಂಗ್ಲಿಷು ಮೂಡಿ ನಿಲ್ಲುತ್ತಿತ್ತು. ಎಫ್ ಒನ್ ಕೀಲಿ ಒತ್ತಿದರೆ ಮುಂದಕ್ಕೆ ಹೋಗುತ್ತಿತ್ತು. ತಾರೀಖು ದಿನಾ ೨೦೦೯ರ ಜನವರಿ ಒಂದು ಎಂದು ತೋರಿಸುತ್ತಿತ್ತು. ಸುಜಾತಾ ಅದನ್ನು ಅಂದಿನ ದಿನಕ್ಕೆ ತಂದು ಕೆಲಸಕ್ಕೆ ಕೂರುತ್ತಿದ್ದಳು. ಸಂಜೆ, ಲೈನ್‌ಮನ್ನನ ಹೆಂಡತಿಗೆ ತಕ್ಕಂತೆ, ಮೇನ್ ಸ್ವಿಚ್ಚನ್ನೇ ಆರಿಸಿ ಮನೆಗೆ ಹೋಗುತ್ತಿದ್ದಳು. ಮೂರು ವರ್ಷದಿಂದ ಹೀಗೇ ನಡೆದಿತ್ತು. ಅಂಗಡಿ ಕಸ ಹೊಡೆಯುವ ಹಾಗೆ ಇದೂ ಮುಂಜಾನೆಯ ಒಂದು ಕೆಲಸ ಎಂದು ಅವಳು ತಿಳಿದಿದ್ದಳು.

ತೊಂದರೆ ಇದ್ದದ್ದು ನಿಧಾನದಲ್ಲಿ. ಒಂದು ಅಕ್ಷರ ಒತ್ತಿದರೆ ಅದು ಪರದೆಗೆ ಬರುವಷ್ಟರಲ್ಲಿ ಅವಳ ಬೆರಳು ಮುಂದಿನ ಪದ ಮುಗಿಸಿರುತ್ತಿತ್ತು. ಕಡೆಗೊಂದು ಸೋಮವಾರ ಅದರ ಸಿಪಿಯು ಡಬ್ಬಿಯನ್ನು ಹಳೆ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸೂಪರ್ ಮಾರ್ಕೆಟಿಗೆ ಹೋದಳು.

ಅಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಇಮಾಮುದ್ದೀನ್ ಅರವತ್ತು ದಾಟಿದವರು. ಮೊದಲು ರೇಡಿಯೋ, ಆಮೇಲೆ ಟಿವಿ, ಈಗ ಕಂಪ್ಯೂಟರ್. ಅವರ ಕೈಗೆ ಬಂದದ್ದು ರಿಪೇರಿಯಾಗದೆ ಹೋದ ದಾಖಲೆ ಇರಲಿಲ್ಲ. ಹಳೆ ಡಿಸ್ಕು ತೆಗೆದು ಹೊಸ ಎಸ್‌ಎಸ್‌ಡಿ ಹಾಕಿದರು, ರ‍್ಯಾಮ್ ಹೆಚ್ಚಿಸಿದರು, ಹೊಸದಾಗಿ ವಿಂಡೋಸ್ ಕೂಡಿಸಿ, ಅವಳ ಹದಿನಾಲ್ಕು ವರ್ಷದ ಅರ್ಜಿಗಳನ್ನೆಲ್ಲ ಅದಕ್ಕೆ ಇಳಿಸಿದರು.

"ಹಳೇ ಡಿಸ್ಕಿನ ಖೇಲ್ ಖತಮ್, ಬಾಯಿ. ಇನ್ನ ಹಚ್ಚಬ್ಯಾಡ್ರಿ," ಎಂದು ಅದನ್ನು ಪೇಪರಿನಲ್ಲಿ ಸುತ್ತಿಕೊಟ್ಟರು.

ಹೊಸ ರೂಪದ ಕಂಪ್ಯೂಟರು ಇಪ್ಪತ್ತು ಎಣಿಸುವುದರೊಳಗೆ ಎದ್ದು ನಿಂತಿತು. ಸುಜಾತಾ ಒಂದು ಸಾಲು ಟೈಪ್ ಮಾಡಿ ನೋಡಿದಳು. ಅಕ್ಷರಗಳು ಬೆರಳಿನ ಜೊತೆಗೇ ಬಂದವು. ಅವಳು ಮತ್ತೊಂದು ಸಾಲು ಟೈಪ್ ಮಾಡಿದಳು. ಅದರ ಅಗತ್ಯವಿರಲಿಲ್ಲ.

ಮರುದಿನ ಕಮಲಾಪುರದಲ್ಲಿ ಸ್ವಿಚ್ಚು ಹಾಕಿದಾಗ ಎರಡು ಸಾಲು ಇಂಗ್ಲಿಷು ಬಂತು. ಎಫ್ ಒನ್ ಒತ್ತಿದಳು. ವಿಂಡೋಸಿನ ಗುರುತು ಕಾಣಿಸಿತು, ನೀಲಿ ಪರದೆಯೊಂದು ಮಿಂಚಿ ಮರೆಯಾಯಿತು, ಕಂಪ್ಯೂಟರು ತಾನೇ ಆರಿ ತಾನೇ ಹೊತ್ತಿತು. ಮತ್ತೆ ಗುರುತು, ಮತ್ತೆ ನೀಲಿ, ಮತ್ತೆ ಆರಿತು. ಒಂಬತ್ತು ಸಲ ನೋಡಿ ಪ್ಲಗ್ ಕಿತ್ತಳು.

ಅಂದು ಮೊದಲು ಬಂದವಳು ಜಯದೇವಿ. ರೇಷನ್ ಕಾರ್ಡಿನಲ್ಲಿ ಅವಳ ಹೆಸರಿನ ಕೊನೆಯ ಗುಡಿಸು ಎಲ್ಲೋ ಬಿಟ್ಟುಹೋಗಿ 'ಜಯದೇವ' ಆಗಿತ್ತು. ಮುಂದಿನ ಯಾವುದೋ ಕಾಗದ ಆ ಹೆಸರನ್ನು ನಂಬಿ 'ಪುರುಷ' ಎಂದು ಬರೆದುಕೊಂಡಿತ್ತು. ಗಂಡ ತೀರಿಕೊಂಡ ಮೇಲೆ ವಿಧವಾ ಪಿಂಚಣಿ ಕೇಳಲು ಹೋದಾಗ, ಗಂಡಸರಿಗೆ ಆ ಪಿಂಚಣಿ ಇಲ್ಲ ಎಂಬ ಉತ್ತರ ಸಿಕ್ಕಿತ್ತು. ಸುಜಾತಾ ಮೂರು ಅರ್ಜಿ ಬರೆದುಕೊಟ್ಟಿದ್ದಳು. ಮೂರರ ಪ್ರತಿಗಳೂ ಕಂಪ್ಯೂಟರಿನಲ್ಲಿದ್ದವು.

"ಶುಕ್ರವಾರ ಸಾಹೇಬರು ನೋಡ್ತೀನಿ ಅಂದಾರ್ರಿ. ಮೂರೂ ಅರ್ಜಿ ನಕಲು ತಗೊಂಡ್ ಬಾ ಅಂದಾರ," ಎಂದಳು ಜಯದೇವಿ.

"ಇದು ಏಳವಲ್ದು."

"ನಾ ಕುಂದರ್ತೀನ್ರಿ. ಎದ್ದ ಮ್ಯಾಲ ಕೊಡ್ರಿ."

ಸಂಜೆತನಕ ಕೂತಳು. ಅದು ಏಳಲಿಲ್ಲ.

ಬುಧವಾರ ಸುಜಾತಾ ಮತ್ತೆ ಬಸ್ಸು ಹತ್ತಿದಳು. ಇಮಾಮುದ್ದೀನರ ಟೇಬಲ್ಲಿನ ಮೇಲೆ ಅದು ಇಪ್ಪತ್ತು ಎಣಿಸುವುದರೊಳಗೆ ಎದ್ದಿತು. ಅವರು ಅವಳ ಮುಖ ನೋಡಿದರು. ಅವಳು ಕಂಪ್ಯೂಟರಿನ ಮುಖ ನೋಡಿದಳು.

"ಬಸ್ಸಿನಾಗ ಅಲುಗಾಡಿ ರ‍್ಯಾಮ್ ಸಡಲಾಗ್ಯಾದ," ಎಂದು ಅದನ್ನು ಕಿತ್ತು, ರಬ್ಬರಿನಿಂದ ತಿಕ್ಕಿ, ಮತ್ತೆ ಕೂಡಿಸಿದರು. "ನಿಮ್ಮ ಊರಾಗಿನ ವೋಲ್ಟೇಜೂ ಬರಾಬರ್ ಇರಂಗಿಲ್ಲ. ಮನೀ ಯಜಮಾನರಿಗೆ ಹೇಳಿ ಯಾರನ್ನರ ಕರಸ್ರಿ."

"ಯಜಮಾನ್ರೇ ಲೈನ್‌ಮನ್ ಇದ್ದಾರ," ಎಂದಳು ಸುಜಾತಾ.

ಊರಿಗೆ ಬಂದು ಹಚ್ಚಿದರೆ ಮತ್ತೆ ಅದೇ ನೀಲಿ. ಆನಂದಕುಮಾರನಿಗೆ ವೋಲ್ಟೇಜಿನ ಮಾತು ಚೆನ್ನಾಗಿ ನಾಟಿತ್ತು. ಮೀಟರು ತಂದು ಪ್ಲಗ್ಗಿನ ತೂತಿಗೆ ಕಡ್ಡಿ ಚುಚ್ಚಿದ. ಇನ್ನೂರ ಇಪ್ಪತ್ತೆಂಟು ತೋರಿಸಿತು. ಚಹಾದಂಗಡಿಯಲ್ಲಿ ಅಳೆದ, ಇನ್ನೂರ ಇಪ್ಪತ್ತೆಂಟು. ಕಂಬದ ತನಕ ಹೋಗಿ ಬಂದ.

"ಕರೆಂಟಿಂದೇನೂ ತಪ್ಪಿಲ್ಲ. ಬೇಕಾದ್ರ ಬರದು ಸಹಿ ಮಾಡಿ ಕೊಡ್ತೀನಿ," ಎಂದ.

"ಬ್ಯಾಡ್ರಿ. ನಾ ನಂಬತೀನಿ."

ಆ ರಾತ್ರಿ ಊಟಕ್ಕೆ ಕೂತಾಗಲೂ ಅವಳಿಗೆ ಅದೇ ಯೋಚನೆ. ಅರ್ಜಿ ಬರೆಸಲು ಬಂದವರು ಕಾರಣ ಹೇಳುತ್ತಾರೆ, ಸಿಟ್ಟು ಹೇಳುತ್ತಾರೆ, ಆಗಿದ್ದೇನು ಎಂಬುದನ್ನು ಮಾತ್ರ ಬಿಡುತ್ತಾರೆ. ಅದನ್ನು ಒಂದೊಂದೇ ಕೇಳಿ ತೆಗೆಯುವುದು ಅವಳ ಕಸುಬು. ಇಲ್ಲಿಯೂ ಹಾಗೇ ಆಗಿದೆ ಅನಿಸಿತು. ರ‍್ಯಾಮು, ವೋಲ್ಟೇಜು ಎಂದು ಕಾರಣಗಳೇ ಬಂದಿವೆ. ಅಂಗಡಿಯಲ್ಲಿ ಆಗಿದ್ದೇನು, ಕಮಲಾಪುರದಲ್ಲಿ ಆಗಿದ್ದೇನು ಎಂದು ಯಾರೂ ಸಾಲಾಗಿ ಇಟ್ಟು ನೋಡಿಲ್ಲ.

ಗುರುವಾರ ಮೂರನೇ ಸಲ ಹೋದಳು. ಮಾತಾಡದೆ ಇಮಾಮುದ್ದೀನರ ಪಕ್ಕ ನಿಂತು ಅವರ ಬೆರಳುಗಳನ್ನೇ ನೋಡಿದಳು. ಟೈಪಿಂಗ್ ಕಲಿತವರಿಗೆ ಬೇರೆಯವರ ಬೆರಳು ಓದುವುದು ಕಷ್ಟವಲ್ಲ. ಕಂಪ್ಯೂಟರು ಎದ್ದಿತು.

"ಚಾಚಾ, ಈಗ ಏನ್ ಒತ್ತಿದ್ರಿ?"

"ಎಲ್ಲಿ? ನಾ ಇನ್ನಾ ಏನೂ ಮಾಡೇ ಇಲ್ಲ."

"ಸ್ವಿಚ್ ಹಾಕಿದ ಕೂಡ್ಲೇ ಡಿಲೀಟ್ ಒತ್ತಿದ್ರಿ, ಐದು ಸಲ. ನೀಲಿ ಬಣ್ಣದ ಪಟ್ಟಿ ಬಂತು. ಬಾಣದ ಕೀಲಿ ಬಲಕ್ಕ ಒಂದು ಸಲ, ಕೆಳಗ ಮೂರು ಸಲ. ಎಂಟರ್. ಒಂದು ಹೆಸರು ಬದಲ್ ಮಾಡಿದ್ರಿ. ಕಡೀಗಿ ಎಫ್ ಟೆನ್."

ಇಮಾಮುದ್ದೀನ್ ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು.

"ಅದು ಕೈ ರೂಢಿ, ಬಾಯಿ. ಯಾವ ಮಷೀನ್ ಬಂದ್ರೂ ಮೊದ್ಲು ಸೆಟಿಂಗ್ ನೋಡ್ತೀನಿ. ಹೊಸ ಡಿಸ್ಕಿಗಿ ಅಲ್ಲೆ ಒಂದು ಬದಲ್ ಮಾಡಬೇಕಾಗ್ತದ."

"ಸೋಮವಾರ ಮಾಡಿದ್ರಿ. ಬುಧವಾರ ಮಾಡಿದ್ರಿ. ಒಮ್ಮೆ ಮಾಡಿದ್ದು ಉಳೀಬೇಕಲ್ಲ? ಮತ್ತ ಇವತ್ತ ಯಾಕ ಮಾಡಬೇಕಾಯ್ತು?"

ಇಮಾಮುದ್ದೀನ್ ಕೀಲಿಮಣೆಯಿಂದ ಕೈ ಹಿಂದಕ್ಕೆ ಎಳೆದುಕೊಂಡರು.

ಸುಜಾತಾ ಮೊದಲು ಜಯದೇವಿಯ ಮೂರೂ ಅರ್ಜಿಗಳನ್ನು ಅಲ್ಲೇ ಪ್ರಿಂಟ್ ತೆಗೆಸಿ ಚೀಲಕ್ಕೆ ಹಾಕಿಕೊಂಡಳು. ಎರಡು ಸಲ ಆಗಿದ್ದು ಮೂರನೇ ಸಲ ಆಗಬಾರದೆಂದೇನಿಲ್ಲ. ಆಮೇಲೆ ಕಂಪ್ಯೂಟರು ಆರಿಸಿ, ಪ್ಲಗ್ ಕಿತ್ತು, "ಚಹಾ ಕುಡಿಯೂಣು ನಡ್ರಿ," ಎಂದಳು.

ಚಹಾ ಕುಡಿದು ಬಂದರು. "ಈಗ ನೀವು ಮುಟ್ಟಬ್ಯಾಡ್ರಿ. ನಾ ಊರಾಗ ಹೆಂಗ ಹಚ್ತೀನೋ ಹಂಗ ಹಚ್ತೀನಿ," ಎಂದು ಸುಜಾತಾ ಪ್ಲಗ್ ಚುಚ್ಚಿ ಸ್ವಿಚ್ಚು ಹಾಕಿದಳು. ಎರಡು ಸಾಲು ಇಂಗ್ಲಿಷು. ಎಫ್ ಒನ್. ವಿಂಡೋಸಿನ ಗುರುತು, ನೀಲಿ ಪರದೆ, ಕತ್ತಲೆ. ಬಸ್ಸೂ ಇರಲಿಲ್ಲ, ಕಮಲಾಪುರದ ವೋಲ್ಟೇಜೂ ಇರಲಿಲ್ಲ.

ಇಮಾಮುದ್ದೀನ್ ಕನ್ನಡಕ ಹಾಕಿಕೊಂಡು ಪರದೆಗೆ ಹತ್ತಿರ ಬಗ್ಗಿದರು. ಇನ್ನೊಮ್ಮೆ ಹಚ್ಚಲು ಹೇಳಿ, ಆ ಎರಡು ಸಾಲನ್ನು ಬೆರಳಿಟ್ಟು ಓದಿದರು. ಬಳಿಕ ಸೆಟಿಂಗಿನ ಪಟ್ಟಿ ತೆರೆದು ತಾರೀಖು ನೋಡಿದರು.

"ಎರಡು ಸಾವಿರದ ಒಂಬತ್ತು. ಇದು ಯಾವಾಗಿಂದ ಹಿಂಗ ಅದ?"

"ಮೂರು ವರ್ಷ ಆಯ್ತು."

"ನೀವು ಹೇಳಲೇ ಇಲ್ಲಲ್ಲ ಬಾಯಿ."

"ನೀವು ಕೇಳಲಿಲ್ಲ."

ಅವರು ಮುಚ್ಚಳ ಬಿಚ್ಚಿ, ಮದರ್‌ಬೋರ್ಡಿನ ಮೂಲೆಯಿಂದ ಹಳೆಯ ಎಂಟಾಣೆಯಂಥ ಒಂದು ಗುಂಡನೆಯ ಸೆಲ್ಲು ಎಬ್ಬಿಸಿ ತೆಗೆದರು. ಕರೆಂಟು ಇಲ್ಲದಾಗ ತಾರೀಖನ್ನೂ ಸೆಟಿಂಗನ್ನೂ ನೆನಪಿಡುವುದು ಆ ಸೆಲ್ಲಿನ ಕೆಲಸ. ಅದು ಸತ್ತು ಮೂರು ವರ್ಷವಾಗಿತ್ತು. ಹಳೆ ಡಿಸ್ಕಿಗೆ ಮೂಲ ಸೆಟಿಂಗೇ ಸಾಕಾಗಿದ್ದರಿಂದ ತಾರೀಖು ಮರೆತದ್ದು ಬಿಟ್ಟರೆ ಬೇರೇನೂ ಕೆಟ್ಟಿರಲಿಲ್ಲ. ಹೊಸ ಡಿಸ್ಕಿಗೆ ಇಮಾಮುದ್ದೀನ್ ಮಾಡಿಕೊಟ್ಟ ಬದಲಾವಣೆ ಪ್ಲಗ್ ಕಿತ್ತಾಗಲೆಲ್ಲ ಅಳಿಸಿಹೋಗುತ್ತಿತ್ತು. ಅಂಗಡಿಗೆ ಬಂದಾಗಲೆಲ್ಲ ಅವರ ಕೈ, ಅವರಿಗೇ ಗೊತ್ತಿಲ್ಲದೆ, ಅದನ್ನು ಮತ್ತೆ ಮಾಡುತ್ತಿತ್ತು. ರ‍್ಯಾಮನ್ನು ರಬ್ಬರಿನಿಂದ ತಿಕ್ಕಿದ್ದು ಏನೂ ಕೆಲಸಕ್ಕೆ ಬಂದಿರಲಿಲ್ಲ.

ಹೊಸ ಸೆಲ್ಲು ಕೂತಿತು. ಸೆಟಿಂಗ್ ಮಾಡಿ, ಪ್ಲಗ್ ಕಿತ್ತು, ಇಬ್ಬರೂ ಮತ್ತೊಮ್ಮೆ ಚಹಾ ಕುಡಿದು ಬಂದರು. ಈ ಸಲ ಸ್ವಿಚ್ಚು ಹಾಕಿದಾಗ ಎರಡು ಸಾಲು ಬರಲೇ ಇಲ್ಲ. ಸುಜಾತಾಳ ಬೆರಳು ಎಫ್ ಒನ್ ಮೇಲೆ ಹೋಗಿ, ಕೆಲಸವಿಲ್ಲದೆ ನಿಂತಿತು.

ಇಮಾಮುದ್ದೀನ್ ಹಳೆ ಸೆಲ್ಲನ್ನು ಅಂಗೈಯಲ್ಲಿಟ್ಟು ತೋರಿಸಿದರು. "ನಲವತ್ತು ವರ್ಷದ ಕಾಮ್, ಬಾಯಿ. ಮೂರು ಸಲ ಬಿಚ್ಚೀನಿ. ಇದರ ಕಡೀಗಿ ನೋಡೇ ಇಲ್ಲ," ಎಂದರು.

ಅವರಿಗೆ ಸಮಾಧಾನ ಹೇಳಬೇಕು ಅನಿಸಿತು ಅವಳಿಗೆ. "ಸಣ್ಣದು ಅದಲ್ರಿ," ಎಂದಳು.

ಶುಕ್ರವಾರ ಜಯದೇವಿ ಮೂರು ನಕಲು ಹಿಡಿದು ಕಚೇರಿಗೆ ಹೋದಳು. ಸಾಹೇಬರು ಮೂರನ್ನೂ ಓದಿ, ಅವಳನ್ನೊಮ್ಮೆ ನೋಡಿ, ಇವರು ಹೆಂಗಸು ಎಂದು ಬರೆದು ಸಹಿ ಮಾಡಿದರು. ಹೆಸರು ತಿದ್ದುಪಡಿಯಾಗಿ ಬರಲು ಇನ್ನೂ ಒಂದು ತಿಂಗಳು ಹಿಡಿಯಿತು, ಆದರೆ ಬಂತು.

ಆ ಹೊತ್ತಿಗೆ ಸುಜಾತಾಳಿಗೆ ಇಮಾಮುದ್ದೀನರ ಫೋನು ಬಂತು. ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಕಡೆ ಒಬ್ಬ ವಕೀಲರ ಪ್ರಿಂಟರು ಮಂಗಳವಾರ ಮಾತ್ರ ಕೆಡುತ್ತದಂತೆ. ಅಂಗಡಿಗೆ ತಂದರೆ ಛಂದ ನಡೆಯುತ್ತದಂತೆ. ಎರಡು ಸಲ ಬಿಚ್ಚಿ ನೋಡಿಯಾಗಿದೆಯಂತೆ.

"ನಿಮಗ ಏನ್ ಅನಸ್ತದ, ಬಾಯಿ?"

ಅರ್ಜಿ ಬರೆಸಲು ಇಬ್ಬರು ಕಾಯುತ್ತಿದ್ದರು. ಸುಜಾತಾ ಅವರಿಗೆ ಕೂರಲು ಕೈಸನ್ನೆ ಮಾಡಿ, ಒಂದು ಬಿಳಿ ಹಾಳೆ ಎಳೆದುಕೊಂಡಳು.

"ನನಗ ಅನಸೋದು ಬಿಡ್ರಿ, ಚಾಚಾ. ಮಂಗಳವಾರ ಆ ವಕೀಲರ ಖೋಲ್ಯಾಗ ಮುಂಜಾನಿಂದ ಏನೇನು ಆಗ್ತದ, ಒಂದೊಂದೇ ಹೇಳ್ರಿ. ಮೊದಲ ಬಾಗಲಾ ಯಾರು ತೆರೀತಾರ?"