ಖಾಂಡ್ವಿ ಎಂದು ಹೇಳಿದ ಮೊಟ್ಟೆ

ಆ ಮೊಟ್ಟೆಯನ್ನು ಕೇಳಿ ಮಾಡಿಸಿಕೊಂಡವಳು ನಾನು. ಮಗಳ ಡಬ್ಬಿಗೆ ಹಾಕಿದವಳು ನಾನು. ಯಾರಾದರೂ ಕೇಳಿದರೆ ಖಾಂಡ್ವಿ, ಕಡಲೆಹಿಟ್ಟಿನ ತಿಂಡಿ, ಎಂದು ಹೇಳು ಅಂತ ಏಳು ವರ್ಷದ ಮಗುವಿಗೆ ಕಲಿಸಿದವಳೂ ನಾನೇ. ಅದಕ್ಕಾಗಿ ಶಾಲೆ ಬಿಟ್ಟು ಹೋದದ್ದು ಮಾತ್ರ ಸನಾ ಎಂಬ ಇನ್ನೊಂದು ಮಗು. ತಪ್ಪಿತಸ್ಥೆ ಎನಿಸಿಕೊಂಡದ್ದು ಅವಳ ತಾಯಿ ನಫೀಸಾ.

ಅಹಮದಾಬಾದಿನ ನಮ್ಮ ಕನ್ನಡ ಬಳಗದ ಹೆಂಗಸರು ವಿಶೇಷ ಸಂಚಿಕೆಗೆ ನನ್ನಿಂದ ಕೇಳಿದ್ದು ಇದನ್ನಲ್ಲ. ಮಕ್ಕಳ ಟಿಫಿನ್ನಿಗೆ ಬೆಂಟೊ ತುಂಬುವುದು ಹೇಗೆ ಅಂತ ಎರಡು ಪುಟ ಬರೆದುಕೊಡಿ ಅಕ್ಕ, ಫೋಟೊ ಇದ್ದರೆ ಇನ್ನೂ ಒಳ್ಳೆಯದು ಎಂದಿದ್ದರು. ಜಪಾನಿನವರು ಊಟದ ಡಬ್ಬಿಯಲ್ಲಿ ಖಾನೆ ಖಾನೆಯಾಗಿ ಚಿತ್ರ ಬಿಡಿಸಿದಂತೆ ತುಂಬುತ್ತಾರಲ್ಲ, ಅದು ಬೆಂಟೊ. ಇಡ್ಲಿಯ ಕರಡಿ, ಅದಕ್ಕೆ ಕರಿಎಳ್ಳಿನ ಕಣ್ಣು, ಮೇಲೆ ನೀರ್ದೋಸೆಯ ಹೊದಿಕೆ — ಇದೆಲ್ಲ ನನಗೆ ಕೈಬಂದ ವಿದ್ಯೆ. ನಮ್ಮ ಬಡಾವಣೆ ಬೋಡಕ್‌ದೇವ್‌ನಲ್ಲಿ ನನ್ನ ಹತ್ತಿರ ಕಲಿತು ಹೋದ ತಾಯಂದಿರು ಎಷ್ಟೋ ಜನ. ಬರೆಯಲು ಕೂತೆ. ಹಳದಿ ಬಣ್ಣಕ್ಕೆ ಏನು ಹಾಕಬೇಕು ಎನ್ನುವಲ್ಲಿಗೆ ಬಂದು ಪೆನ್ನು ನಿಂತಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಕುಂದಾಪುರದ ಕಡೆಯವರು, ಮೀನು ತಿನ್ನುವ ಜನ. ಇವರು ತಮ್ಮ ಭಾವನ ಜೊತೆ ಸೇರಿ ಇಲ್ಲಿ ಉಡುಪಿ ಹೋಟೆಲು ಹಾಕಿದರು. ಬೋರ್ಡಿನ ಮೇಲೆ 'ಪ್ಯೂರ್ ವೆಜ್', ಒಳಗೆ ಈರುಳ್ಳಿ ಇಲ್ಲದ ಜೈನ್ ಸಾಂಬಾರು ಬೇರೆ. ಬಾಡಿಗೆಗೆ ಫ್ಲ್ಯಾಟು ಕೇಳಲು ಹೋದಾಗ ಮಾಲೀಕರು ಕೇಳಿದ್ದು ಒಂದೇ ಮಾತು — "ವೆಜ್ ಛೋ ನೇ?" ಸಸ್ಯಾಹಾರಿಗಳು ತಾನೇ ಎಂದು. ಇವರು ಹೌದು ಎನ್ನಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ. "ಉಡುಪಿ ಹೋಟೆಲು ನಮ್ದು" ಎಂದರು. ಮಾಲೀಕರು ಕೈಮುಗಿದು ಬೀಗದ ಕೈ ಕೊಟ್ಟರು. ಉಡುಪಿ ಎಂದರೆ ಶುದ್ಧ ಸಸ್ಯಾಹಾರ ಅಂತ ಈ ಊರೇ ತಿಳಿದುಕೊಂಡಿದೆ. ನಾವು ತಿದ್ದಲು ಹೋಗಲಿಲ್ಲ. ಮೀನಿನ ಆಸೆಯನ್ನು ಮೇ ತಿಂಗಳವರೆಗೆ ಕಟ್ಟಿಟ್ಟು, ರಜೆಗೆ ಊರಿಗೆ ಹೋದಾಗ ತೀರಿಸಿಕೊಳ್ಳುತ್ತಿದ್ದೆವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು — ಹಾಗೆ ಬದುಕುವುದರಲ್ಲಿ ನಾವು ಜಾಣರು ಎಂದುಕೊಂಡಿದ್ದೆ.

ಮಗಳು ಧೃತಿ ಕಡ್ಡಿಯ ಹಾಗಿದ್ದಳು. ಏನು ಕೊಟ್ಟರೂ ಎರಡು ತುತ್ತು, ಮೂರನೆಯದಕ್ಕೆ ಬಾಯಿ ಮುಚ್ಚಿಬಿಡುತ್ತಿದ್ದಳು. ನಾನು ಬೆಂಟೊ ಶುರುಮಾಡಿದ್ದೇ ಅವಳು ತಿನ್ನಲಿ ಅಂತ, ಅದು ಸುಳ್ಳಲ್ಲ. ಕರಡಿಯ ಕಿವಿಯನ್ನಾದರೂ ತಿನ್ನುತ್ತಿದ್ದಳು. ಡಾಕ್ಟರು ತೂಕ ನೋಡಿ, ಹೊರಗೆ ಕೂತವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ, ದಿನಕ್ಕೊಂದು ಮೊಟ್ಟೆ ಕೊಡಿ ಎಂದರು.

ಕೊಡುವುದು ಎಲ್ಲಿಂದ? ನಮ್ಮ ಫ್ಲ್ಯಾಟುಗಳ ಸೊಸೈಟಿಯಲ್ಲಿ ಕಸದ ಬುಟ್ಟಿಗೂ ಕಣ್ಣುಗಳಿವೆ. ಮೊಟ್ಟೆ ಬೇಯಿಸಿದರೆ ವಾಸನೆ, ಸಿಪ್ಪೆ ಎಸೆದರೆ ಸಾಕ್ಷಿ. ಇದನ್ನೆಲ್ಲ ನಾನು ಹೇಳಿಕೊಂಡದ್ದು ಶಾಲೆಯ ಗೇಟಿನ ಬಳಿ ನಫೀಸಾಳ ಹತ್ತಿರ. ಅವಳ ಮಗಳು ಸನಾ, ನಮ್ಮ ಧೃತಿ ಒಂದೇ ಬೆಂಚು. ನಫೀಸಾಳ ಗಂಡ ಸೀರೆಗೆ ಜರಿ ಕೆಲಸ ಮಾಡಿಸುವವನು. ಅವಳ ಕೈಯೂ ಹಾಗೆಯೇ, ಸೌತೆಕಾಯಿಯನ್ನು ಎಲೆ ಕತ್ತರಿಸಿದಂತೆ ಕತ್ತರಿಸುತ್ತಿದ್ದಳು. ನಾನು ಅವಳಿಗೆ ನೀರ್ದೋಸೆ ಕಲಿಸಿದ್ದೆ, ಅವಳು ನನಗೆ ಚಾಕು ಹಿಡಿಯುವುದನ್ನು ಕಲಿಸಿದ್ದಳು. ಮೊಟ್ಟೆ ನೀನೇ ಮಾಡಿಕೊಡು ಎಂದು ನಾನು ಕೇಳಿದ್ದಕ್ಕೆ, "ಇದಕ್ಕೆಲ್ಲ ಯಾಕೆ ಚಿಂತೆ ದೀದಿ, ನನ್ನ ಮನೆಯಲ್ಲಿ ಮಾಡಿ ತಂದುಕೊಡುತ್ತೇನೆ. ಆದರೆ ಒಳಗೆ ಕಳಿಸಬೇಡಿ, ಬೆಲ್ಲಿಗೆ ಮುಂಚೆ ಇಲ್ಲೇ ತಿನ್ನಿಸಿಬಿಡಿ" ಎಂದಳು ಹಿಂದಿಯಲ್ಲಿ.

ಶಾಲೆಗೆ ಮೊಟ್ಟೆ ತರಬಾರದು ಎಂಬ ನಿಯಮ ಇತ್ತು. ನಫೀಸಾ ಅದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಳು ಎಂದರೆ, ಸನಾಳ ಡಬ್ಬಿಗೆ ಕೇಕಿನ ತುಂಡು ಕೂಡ ಹಾಕುತ್ತಿರಲಿಲ್ಲ. "ಏನಾದರೂ ಆದರೆ ಮೊದಲು ನಮ್ಮ ಡಬ್ಬಿ ತೆಗೆಸುತ್ತಾರೆ" ಎಂದು ಒಮ್ಮೆ ನಗುತ್ತಲೇ ಹೇಳಿದ್ದಳು. ನಾನೂ ನಕ್ಕಿದ್ದೆ.

ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದಳು. ತೆಳ್ಳಗೆ ಹೊಯ್ದ ಮೊಟ್ಟೆಯನ್ನು ಸುರುಳಿ ಸುತ್ತಿ, ಓರೆಯಾಗಿ ಕತ್ತರಿಸಿ, ಒಂದು ತುಂಡನ್ನು ತಿರುಗಿಸಿ ಜೋಡಿಸಿದರೆ ಹೃದಯದ ಆಕಾರ. ಬೆಂಚಿನ ಮೇಲೆ ಕೂರಿಸಿ ತಿನ್ನಿಸಲು ಹೋದರೆ ಧೃತಿ ಮುಖ ತಿರುಗಿಸಿದಳು. ಚಿತ್ರದೊಳಗೆ ಇದ್ದರೆ ಮಾತ್ರ ತಿನ್ನುವ ಹುಡುಗಿ ಅದು. ಒಂದು ದಿನ ಕರಡಿಯ ಪಕ್ಕಕ್ಕೆ ಇಟ್ಟೆ. ಸಂಜೆ ಡಬ್ಬಿ ಖಾಲಿ. ಇಷ್ಟೇ ಆಗಿದ್ದರೆ — ಇಲ್ಲ, ಇಷ್ಟೇ ಆಗಿರಲಿಲ್ಲ. ನಾನು ದಿನವೂ ಡಬ್ಬಿಯ ಫೋಟೊ ತೆಗೆದು ಇಂಟರ್ನೆಟ್ಟಿನಲ್ಲಿ ಹಾಕುತ್ತಿದ್ದೆ. ಆ ಹಳದಿ ಫೋಟೊದಲ್ಲಿ ಎಷ್ಟು ಚಂದ ಕಾಣುತ್ತಿತ್ತು! ನಿಜವಾದ ಖಾಂಡ್ವಿ, ಕಡಲೆಹಿಟ್ಟಿನ ಆ ಮೆತ್ತನೆಯ ಸುರುಳಿ, ಚಾಕು ತಾಗಿದರೆ ಬಿಚ್ಚಿಕೊಳ್ಳುತ್ತದೆ. ಮೊಟ್ಟೆ ನಿಲ್ಲುತ್ತದೆ. ಬೆಲ್ಲಿಗೆ ಮುಂಚೆ ಸ್ಕೂಟರಿನ ಸೀಟಿನ ಮೇಲೆ ಡಬ್ಬಿ ಇಟ್ಟು ಮೇಲೆ ಸಾಸಿವೆ ಒಗ್ಗರಣೆ, ಕಾಯಿತುರಿ, ಕೊತ್ತಂಬರಿ ಉದುರಿಸಿದರೆ ಹುಟ್ಟು ಗುಜರಾತಿಗೂ ಗೊತ್ತಾಗುವಂತಿರಲಿಲ್ಲ. ಒಗ್ಗರಣೆಯನ್ನು ಮನೆಯಿಂದ ಪುಟ್ಟ ಡಬ್ಬಿಯಲ್ಲಿ ತಂದಿರುತ್ತಿದ್ದೆ. ಅಷ್ಟು ತಯಾರಿ ಮಾಡಿಕೊಂಡವಳು ಏನೂ ತಿಳಿಯದೆ ಮಾಡಿದೆ ಎನ್ನಲು ಬಾಯಿ ಬರುವುದಿಲ್ಲ.

ನಫೀಸಾ ಇದನ್ನು ಒಂದು ದಿನ ನೋಡಿದಳು. "ದೀದಿ, ಬೇಡ" ಎಂದಳು. "ಏನೂ ಆಗುವುದಿಲ್ಲ ಬಿಡು" ಎಂದೆ. ಆಗುವುದಾದರೆ ಅದು ನನಗೇ ಆಗುತ್ತದೆ ಎಂದುಕೊಂಡಿದ್ದೆನೋ ಏನೋ. ಅವಳಿಗೆ ಗೊತ್ತಿತ್ತು.

ಪರ್ಯುಷಣದ ದಿನಗಳು. ಜೈನರ ಮನೆಗಳಲ್ಲಿ ಉಪವಾಸ. ಧೃತಿಯ ತರಗತಿಯ ಕ್ರಿಷಾ ಎಂಬ ಹುಡುಗಿ ಅವಳ ಡಬ್ಬಿಯಿಂದ ಆ ಹೃದಯವನ್ನು ತಿಂದಿದ್ದಾಳೆ, ರುಚಿ ಹಿಡಿಸಿದೆ. ಇಂಥ ಖಾಂಡ್ವಿಯನ್ನೇ ಮಾಡಿಕೊಡು ಎಂದು ಅಮ್ಮನಿಗೆ ತೋರಿಸಲು ಒಂದನ್ನು ತನ್ನ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ಹೋಗಿದ್ದಾಳೆ. ಅವಳ ಅಜ್ಜಿ ಎಂಟು ದಿನ ಬರೀ ಕಾಯಿಸಿದ ನೀರಿನ ಮೇಲೆ ಉಪವಾಸ ಕೂತಿದ್ದರು. ಡಬ್ಬಿ ತೆರೆದ ಕೂಡಲೇ ಅಜ್ಜಿಗೆ ವಾಸನೆ ಬಡಿಯಿತಂತೆ. ಮೊಮ್ಮಗಳು ತಿಂದದ್ದು ಏನೆಂದು ತಿಳಿದು ಅವರು ಗೋಡೆಗೆ ಮುಖ ಮಾಡಿ ಅತ್ತರಂತೆ. ಆ ಅಜ್ಜಿಗೂ ನಾನು ಅನ್ಯಾಯ ಮಾಡಿದ್ದೇನೆ. ಅವರು ಈಗಿಲ್ಲ.

ಮರುದಿನ ಶಾಲೆ ಬಿಡುವ ಹೊತ್ತಿಗೆ ನನ್ನನ್ನು ಆಫೀಸಿಗೆ ಕರೆದರು. ಪ್ರಿನ್ಸಿಪಾಲ್ ಬೆನ್ (ಇಲ್ಲಿ ಹೆಂಗಸರನ್ನೆಲ್ಲ ಬೆನ್, ಅಂದರೆ ಅಕ್ಕ, ಎನ್ನುತ್ತಾರೆ), ಕ್ರಿಷಾಳ ತಾಯಿ, ನಾನು, ನನಗಂಟಿಕೊಂಡು ನಿಂತ ಧೃತಿ. ನನ್ನ ಕೈಚೀಲದಲ್ಲಿ ನಫೀಸಾಳ ಸ್ಟೀಲ್ ಡಬ್ಬಿ ಇತ್ತು. ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು ಅಂತ ನನ್ನ ಅಮ್ಮ ಕಲಿಸಿದ್ದು, ಇಲ್ಲಿಯವರಲ್ಲೂ ಅದೇ ರೂಢಿ. ಅವತ್ತು ಅದರಲ್ಲಿ ಕಾಯಿ ಬರ್ಫಿ ತುಂಬಿಟ್ಟಿದ್ದೆ.

"ಸಾಚು ಕೆಹ್‌ಜೋ ಬೆನ್," ಎಂದರು ಪ್ರಿನ್ಸಿಪಾಲ್, ನಿಜ ಹೇಳಿ ಎಂದು. "ಆ ಕ್ಯಾಂಥಿ ಆವ್ಯುಂ?" ಇದು ಎಲ್ಲಿಂದ ಬಂತು?

ನನ್ನ ಕಣ್ಣ ಮುಂದೆ ಹೋಟೆಲಿನ ಬೋರ್ಡು ಬಂತು, ಮನೆಯ ಬೀಗದ ಕೈ ಬಂತು. ಹೇಳಿದೆ — "ಸನಾನಾ ಘರೇಥಿ."

ಸನಾಳ ಮನೆಯಿಂದ. ನೋಡಿ, ಅದು ಸುಳ್ಳಾಗಿರಲಿಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಂದ ಬಂತು. ಕೇಳಿದವರಿಬ್ಬರ ಮುಖದಲ್ಲೂ ಆಶ್ಚರ್ಯವೇ ಇರಲಿಲ್ಲ. ಆ ಉತ್ತರ ಅವರಲ್ಲಿ ಮೊದಲೇ ಸಿದ್ಧವಿತ್ತು. ಅದು ಸಿದ್ಧವಿದೆ ಎಂದು ನನಗೂ ಗೊತ್ತಿತ್ತು, ಇಲ್ಲದಿದ್ದರೆ ಹೇಳುತ್ತಿರಲಿಲ್ಲ.

ಪ್ರಿನ್ಸಿಪಾಲ್ ಬೆನ್ ಧೃತಿಯ ಕಡೆ ಬಗ್ಗಿದರು. ಸನಾ ನಿನ್ನ ಡಬ್ಬಿಗೆ ಹಾಕಿದಳಾ, ಬೇಟಾ? ಮಗು ತಲೆಯೆತ್ತಿ ನನ್ನನ್ನು ನೋಡಿತು. ಕುಂಬಳಕಾಯಿ ಕಳ್ಳ ಅಂದರೆ ತನ್ನ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮಗಳ ಹೆಗಲ ಮೇಲೆ ಕೈಯಿಟ್ಟು ಒತ್ತಿದೆ. ಧೃತಿ ಹೌದೆಂದು ತಲೆ ಆಡಿಸಿದಳು.

ಗೇಟಿನ ಬಳಿ ಕಾಯುತ್ತಿದ್ದ ನಫೀಸಾಳನ್ನು ಒಳಗೆ ಕರೆಸಿದರು. ಸನಾಳೂ ಅವಳ ಕೈ ಹಿಡಿದು ಬಂದಳು. ವಿಷಯ ಕೇಳಿ ನಫೀಸಾ ಒಂದು ಗಳಿಗೆ ನನ್ನ ಮುಖ ನೋಡಿದಳು, ನಾನೇ ಹೇಳುತ್ತೇನೆ ಎಂದು ಕಾಯುವ ಹಾಗೆ. ಆಮೇಲೆ ತಾನೇ ಹೇಳಿದಳು. "ದೀದಿಯೇ ಮಾಡಿಕೊಡು ಅಂದಿದ್ದರು, ಮಗುವಿನ ತೂಕಕ್ಕೆ. ನಾನು ಕೊಟ್ಟದ್ದು ಗೇಟಿನ ಹೊರಗೆ, ಅವರ ಕೈಗೆ. ಪೂಛಿಯೇ ಇನ್‌ಸೇ." ಇವರನ್ನೇ ಕೇಳಿ ಎಂದು.

ಕ್ರಿಷಾಳ ತಾಯಿ ನಕ್ಕರು, ಸಿಟ್ಟಿನ ನಗೆ. "ಉಡುಪಿವಾಳಾ ಈಂಡಾ ಮಾಗೇ?" ಉಡುಪಿಯವರು ಮೊಟ್ಟೆ ಕೇಳುತ್ತಾರಾ?

ಪ್ರಿನ್ಸಿಪಾಲ್ ಬೆನ್ ನನ್ನನ್ನೇ ಕೇಳಿದರು. ನಾನು ನೆಲ ನೋಡಿಕೊಂಡು "ನಹೀಂ" ಎಂದೆ. ಇದು ಪೂರ್ತಿ ಸುಳ್ಳು. ತೊಡೆಯ ಮೇಲೆ ಚೀಲ, ಚೀಲದೊಳಗೆ ಅವಳ ಡಬ್ಬಿ, ಡಬ್ಬಿಯೊಳಗೆ ಅವಳಿಗೇ ಮಾಡಿದ ಬರ್ಫಿ.

ಆ ಸಂಜೆ ಇವರಿಗೆ ಎಲ್ಲ ಹೇಳಿದೆ. "ಹೋಟ್ಲಿಗೆ ನಾಳೆಯಿಂದ ಯಾರ್ ಬತ್ರ್ ಮರಾಯ್ತಿ? ಭಾವಂದೂ ದುಡ್ಡ್ ಹಾಕಿದ್ದ್ ಉಂಟಲ್ಲ" ಎಂದರು ಇವರು. "ಸುಮ್ನೆ ಕೂಕೋ." ಇವರ ಮೇಲೆ ಹೊರಿಸಲು ಇದನ್ನು ಹೇಳುತ್ತಿಲ್ಲ. ಇವರು ಆ ಮಾತು ಹೇಳುತ್ತಾರೆ ಎಂದು ಗೊತ್ತಿದ್ದೇ ಇವರ ಹತ್ತಿರ ಹೋಗಿದ್ದೆ.

ತಾಯಂದಿರ ಫೋನ್ ಗುಂಪಿನಲ್ಲಿ ನಾಲ್ಕು ದಿನ ಅದೇ ಮಾತು. ಯಾರೋ ಬರೆದರು, ಬೇಕೆಂದೇ ಮಾಡುತ್ತಾರೆ ಇವರು ಅಂತ. ನಾನು ಓದಿದೆ, ಏನೂ ಬರೆಯಲಿಲ್ಲ. ಊಟದ ಹೊತ್ತಿಗೆ ಸನಾಳನ್ನು ಕಿಟಕಿಯ ಪಕ್ಕ ಬೇರೆ ಕೂರಿಸಿದರು. ಅವಳ ಡಬ್ಬಿಯನ್ನು ದಿನವೂ ಟೀಚರು ತೆರೆದು ನೋಡಿದ ಮೇಲೆಯೇ ಊಟ. ಧೃತಿ ಮನೆಗೆ ಬಂದು ಹೇಳುತ್ತಿದ್ದಳು, "ಸನಾ ಖಾತಿ ನಹೀಂ ಹೈ ಮಮ್ಮಾ." ಸನಾ ಊಟವೇ ಮಾಡುವುದಿಲ್ಲ ಎಂದು. ನಾನು ಮಾತು ಬದಲಿಸುತ್ತಿದ್ದೆ. ದೀಪಾವಳಿ ರಜೆಯ ನಂತರ ಸನಾ ಬರಲಿಲ್ಲ. ಸೂರತ್ತಿಗೆ ಹೋದರು ಎಂದು ತಿಳಿಯಿತು.

ಅದಕ್ಕೂ ಮೊದಲು ಒಮ್ಮೆ ನಫೀಸಾ ಗೇಟಿನ ಬಳಿ ನನಗೆ ಎದುರಾದಳು. ನಾನು ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಅವಳು ಬೈಯಲಿಲ್ಲ. "ಬಚ್ಚೀ ಕಾ ವಜನ್ ಬಢಾ, ದೀದಿ?" ಎಂದು ಕೇಳಿದಳು. ಮಗುವಿನ ತೂಕ ಹೆಚ್ಚಾಯಿತಾ? ಚುಚ್ಚಲು ಕೇಳಿದಳೋ, ನಿಜವಾಗಿ ಕೇಳಿದಳೋ, ನನಗೆ ಇವತ್ತಿಗೂ ತಿಳಿಯದು. ನಿಜವಾಗಿಯೇ ಕೇಳಿದ್ದಿರಬೇಕು ಎಂದು ಅನ್ನಿಸಿದ ದಿನ ನನಗೆ ಅನ್ನ ಇಳಿಯುವುದಿಲ್ಲ.

ತೂಕ ಹೆಚ್ಚಾಗಲಿಲ್ಲ. ಧೃತಿ ಆಮೇಲೆ ಮೊಟ್ಟೆ ಮುಟ್ಟಲಿಲ್ಲ, ಊರಿಗೆ ಹೋದಾಗಲೂ. ನಾನು ಚಿತ್ರ ಮಾಡಿ ತುಂಬಿದ ಡಬ್ಬಿಯನ್ನು ಚಿತ್ರ ಕೆಡಿಸಿ ಕಲಸಿ ತಿನ್ನುತ್ತಿದ್ದಳು, ಇಲ್ಲವೇ ಹಾಗೇ ತರುತ್ತಿದ್ದಳು. ನಾನು ಮಾತ್ರ ಬೆಳಿಗ್ಗೆಯೇ ಫೋಟೊ ತೆಗೆದುಕೊಂಡಿರುತ್ತಿದ್ದೆ. ಅದನ್ನು ನೋಡಿಯೇ ನೀವೆಲ್ಲ ನನ್ನ ಹತ್ತಿರ ಕಲಿಯಲು ಬಂದದ್ದು.

ಈಗ ಅವಳು ವಡೋದರಾದಲ್ಲಿ ಓದುತ್ತಿದ್ದಾಳೆ. ಹೋದ ವಾರ ರಜೆಗೆ ಬಂದವಳಿಗೆ ಈ ಸಂಚಿಕೆಯ ವಿಷಯ ಹೇಳಿದೆ, ಹಳೆಯ ಫೋಟೊ ಹುಡುಕಿಕೊಡು ಎಂದೆ. ಅವಳು ಫೋನಿನಿಂದ ಕಣ್ಣೆತ್ತದೆ, ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು: "ಮಮ್ಮಾ, ನೀನು ನನ್ನ ಶೋಲ್ಡರ್ ದಬಾಯಿಸಿದಿ. ನಂಗೆ ಯಾದ್ ಇದೆ."

ಇಷ್ಟು ವರ್ಷ ಅವಳು ಮರೆತಿದ್ದಾಳೆ ಎಂದುಕೊಂಡಿದ್ದೆ. ಮಗು, ಅದಕ್ಕೇನು ಗೊತ್ತು ಎಂದುಕೊಂಡಿದ್ದೆ.

ಅವಳು ಸನಾಳನ್ನು ಹುಡುಕಿ ಮಾತಾಡಿಸಿಯೂ ಆಗಿದೆ. ಸೂರತ್ತಿನಲ್ಲೇ ಇದ್ದಾರೆ. ತಾನು ಅವತ್ತು ತಲೆ ಆಡಿಸಿದ್ದಕ್ಕೆ ನನ್ನ ಮಗಳು ಕ್ಷಮೆ ಕೇಳಿದ್ದಾಳೆ, ನನಗೆ ಹೇಳದೆ. ಸನಾ ಬರೆದ ಉತ್ತರವನ್ನು ತೋರಿಸಿದಳು. ಹಿಂದಿಯಲ್ಲಿ ಎರಡೇ ಸಾಲು ಇತ್ತು. "ನೀನು ಆಗ ಮಗು. ನಿನ್ನ ಅಮ್ಮ ಬಂದು ನನ್ನ ಅಮ್ಮಿಗೆ ಹೇಳಲಿ."

ಇವರಿಗೆ ಹೇಳಿದೆ. "ಹಳೇದನ್ನೆಲ್ಲ ಈಗ ಎಂತಕ್ಕೆ ಕೆದಕೂದು?" ಎಂದರು. ಹೋಟೆಲು ಇನ್ನೂ ಇದೆ, ಬೋರ್ಡೂ ಇದೆ, ಇದು ಅಚ್ಚಾದರೆ ಏನಾಗುತ್ತದೋ ಗೊತ್ತಿಲ್ಲ. ಏನಾದರೂ ಆಗುವುದಾದರೆ ಈ ಸಲ ನಮಗೇ ಆಗಲಿ. ಆದರೆ ಕನ್ನಡದಲ್ಲಿ ಬರೆದು ನಾನು ಹಗುರಾದರೆ ಅದು ಇನ್ನೊಂದು ಮೋಸ. ನಫೀಸಾ ಕನ್ನಡ ಓದಲಾರಳು, ನನ್ನ ಮಗಳೂ ಓದಲಾರಳು. ಸಂಚಿಕೆ ನಿಮ್ಮ ಕೈಸೇರುವ ಮೊದಲೇ ಸೂರತ್ತಿಗೆ ಹೋಗುತ್ತೇನೆ. ಅಲ್ಲಿಂದ ಬಂದು ಅದೇ ಶಾಲೆಯ ಅದೇ ಆಫೀಸಿಗೆ ಹೋಗುತ್ತೇನೆ, ಅಲ್ಲಿ ಈಗ ಯಾರೇ ಕೂತಿರಲಿ. ಸೂರತ್ತಿನಲ್ಲಿ ನನ್ನನ್ನು ಕಂಡು ಬಾಗಿಲು ತೆರೆಯುವುದೂ ಮುಚ್ಚುವುದೂ ನಫೀಸಾಳಿಗೆ ಬಿಟ್ಟದ್ದು.

ಅವಳ ಸ್ಟೀಲ್ ಡಬ್ಬಿ ನನ್ನ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಇಷ್ಟು ವರ್ಷವೂ ಇತ್ತು. ಅಂದಿನ ಬರ್ಫಿಗೆ ಇರುವೆ ಹತ್ತಿ ಎಸೆದಿದ್ದೆ, ಡಬ್ಬಿ ಎಸೆಯಲು ಕೈ ಬರಲಿಲ್ಲ. ನಿನ್ನೆ ಇಳಿಸಿ ತೊಳೆದೆ. ಏನು ತುಂಬಲಿ ಎಂದು ಬೆಲ್ಲ, ಕಾಯಿ, ಏಲಕ್ಕಿ ಎಲ್ಲ ಮುಂದಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದೆ. ಆಮೇಲೆ ಎಲ್ಲವನ್ನೂ ತಿರುಗಿ ಒಳಗಿಟ್ಟೆ. ಅಮ್ಮ ಕಲಿಸಿದ್ದನ್ನು ಈ ಒಂದು ಸಲ ಮೀರುತ್ತೇನೆ. ಡಬ್ಬಿಯನ್ನು ಖಾಲಿಯೇ ಒಯ್ಯುತ್ತೇನೆ.