ಕೊಡೆಕಡ್ಡಿಯ ಹಳಿ

ಅಣ್ಣ ಆ ದಿನ ಕುಡಿದಿರಲಿಲ್ಲ ಎಂದು ಹೇಳಬಲ್ಲವನು ನಾನೊಬ್ಬನೇ ಇದ್ದೆ. ನಾನು ಹೇಳಲಿಲ್ಲ. ಒಮ್ಮೆ ಘಟ್ಟದ ಮೇಲೆ ಹೇಳಲಿಲ್ಲ, ಇನ್ನೊಮ್ಮೆ ಬಂಟ್ವಾಳದ ನಮ್ಮ ಮನೆಯ ಜಗಲಿಯಲ್ಲಿ ಹೇಳಲಿಲ್ಲ. ಮೊದಲಿನದ್ದನ್ನು ಹೆದರಿಕೆ ಅನ್ನಬಹುದು. ಎರಡನೆಯದಕ್ಕೆ ಏನು ಹೆಸರಿಡಬೇಕೋ ಗೊತ್ತಿಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಸಿಟ್ಟು ಇರುವುದರಿಂದ ಬರೆಯಲು ಆಗುತ್ತಿದೆ.

ಐವತ್ತರ ದಶಕದಲ್ಲಿ ನಾವಿಬ್ಬರೂ ಚಾರ್ಮಾಡಿ ಹತ್ತಿ, ಘಟ್ಟದ ಆಚೆಯ ಕಬ್ಬಿಣದ ಅದಿರಿನ ಗುಡ್ಡಕ್ಕೆ ಕೆಲಸಕ್ಕೆ ಹೋದವರು. ಕರೆದುಕೊಂಡು ಹೋದದ್ದು ಬೆಳ್ತಂಗಡಿಯ ಒಬ್ಬ ಮೇಸ್ತ್ರಿ. ಗುಡ್ಡದ ತಲೆಯಿಂದ ಬುಡದವರೆಗೆ ಮಹಾರಾಜರ ಕಾಲದ ಸಣ್ಣ ರೈಲು ಹಳಿ ಇತ್ತು. ಇಳಿಯುವಾಗ ಇಂಜಿನ್ ಇಲ್ಲ. ಅದಿರು ತುಂಬಿದ ಡಬ್ಬಿಗಳು ತಮ್ಮ ಭಾರಕ್ಕೇ ಇಳಿಯುತ್ತಿದ್ದವು. ಮೇಲೆ ನಿಂತ ಇಬ್ಬರು ಬ್ರೇಕಿನವರು ಅವನ್ನು ಹಿಡಿಯುತ್ತ ಬಿಡುತ್ತ ತರಬೇಕು. ಮುಂದಿನ ಡಬ್ಬಿಯಲ್ಲಿ ಅಣ್ಣ, ನಡುವಿನದರಲ್ಲಿ ಇನ್ನೊಬ್ಬ. ಅವನು 'ಹಿಡಿ' ಎಂದರೆ ನಡುವಿನವನು ಹಿಡಿಯಬೇಕು, 'ಬಿಡು' ಎಂದರೆ ಬಿಡಬೇಕು. ಅಲ್ಲಿ ತಮಿಳರು, ತೆಲುಗರು, ನಾವು ತುಳುವರು ಎಲ್ಲ ಕಲಸಿಕೊಂಡಿದ್ದೆವು. ಹಾಗಾಗಿ ಆ ಎರಡು ಮಾತು ಮಾತ್ರ ಕನ್ನಡದಲ್ಲೇ ಆಗಬೇಕೆಂದು ಕಟ್ಟುನಿಟ್ಟು.

ಒಂದು ಬೆಳಿಗ್ಗೆ ಮಂಜು ಬಿದ್ದು ಹಳಿ ಒದ್ದೆಯಾಗಿತ್ತು. ಡಬ್ಬಿಗಳು ಜಾರಿದವು. ಜೀವ ಬಾಯಿಗೆ ಬಂದಾಗ ಯಾರ ಬಾಯಲ್ಲೂ ಮನೆಯ ಮಾತೇ ಬರುವುದು. ಅಣ್ಣ ತುಳುವಿನಲ್ಲಿ ಕೂಗಿದ: "ಪತ್ತ್! ಪತ್ತ್!" ಹಿಡಿ ಎಂದು. ನಡುವಿನ ಬ್ರೇಕಿನಲ್ಲಿದ್ದವನು ತಮಿಳಿನವನು. ಅವನಿಗೆ ಪತ್ತು ಎಂದರೆ ಹತ್ತು. ಹತ್ತನೇ ಡಬ್ಬಿಯ ಕೊಂಡಿ ಸವೆದು ಆಗಾಗ ಕಳಚುತ್ತಿತ್ತು, ಅದನ್ನು ಮೇಸ್ತ್ರಿಗೆ ಹೇಳಿ ಹೇಳಿ ಎಲ್ಲರಿಗೂ ಸಾಕಾಗಿತ್ತು. ಅದೇ ಕಳಚಿತೆಂದುಕೊಂಡ ಅವನು ಕೈಯಲ್ಲಿದ್ದ ಬ್ರೇಕು ಬಿಟ್ಟು, ಡಬ್ಬಿಯಿಂದ ಡಬ್ಬಿಗೆ ಹಾರುತ್ತ ಹಿಂದಕ್ಕೆ ಓಡಿದ. ಎರಡು ಡಬ್ಬಿಗಳ ನಡುವೆ ಬಿದ್ದು ಸತ್ತ. ಡಬ್ಬಿಗಳು ಬುಡದ ಸಮತಟ್ಟಿಗೆ ಹೋಗಿ ನಿಂತವು. ನಾನು ತಿರುವಿನಲ್ಲಿ, ಹಳಿ ಬದಲಿಸುವ ಸನ್ನೆಕೋಲಿನ ಹತ್ತಿರ ನಿಂತಿದ್ದೆ. ಎಲ್ಲವೂ ಕೇಳಿತ್ತು, ಎಲ್ಲವೂ ಕಂಡಿತ್ತು.

ವಿಚಾರಣೆಗೆ ಸಾಹೇಬರು ಬರುವ ಮೊದಲೇ ಮೇಸ್ತ್ರಿ ನನ್ನನ್ನು ಷೆಡ್ಡಿನ ಹಿಂದೆ ಕರೆದ. ಕೊಂಡಿಯ ವಿಷಯ ಎದ್ದರೆ ಅವನ ತಲೆಗೇ ಬರುತ್ತಿತ್ತು.

"ನಿನ್ನ ಅಣ್ಣ ಕುಡಿದಿದ್ದ. ಕೂಗಲೇ ಇಲ್ಲ. ನಿನಗೆ ಏನಾದ್ರೂ ಕೇಳಿದ್ದುಂಟಾ?"

ಮೇಸ್ತ್ರಿ ಇನ್ನಷ್ಟು ಹತ್ತಿರ ಬಂದ.

"ಅವನನ್ನು ಹೇಗೂ ಕಳಿಸ್ತಾರೆ ಮಾರಾಯ. ಬ್ರೇಕಿನ ಕೆಲಸ ಖಾಲಿ ಬೀಳ್ತದೆ. ಅದನ್ನು ನಿನಗೇ ಕೊಡಿಸುವ ಅಂತ ನನ್ನ ಮನಸ್ಸು."

ಸಾಹೇಬರು ಕೇಳಿದಾಗ ನಾನು "ಏನೂ ಕೇಳಲಿಲ್ಲ" ಎಂದೆ. ಅಣ್ಣ ಅಲ್ಲೇ ನಿಂತಿದ್ದ. ಮರುದಿನ ಅವನು ಘಟ್ಟ ಇಳಿದ. ಅವನ ಡಬ್ಬಿಯ ಮೇಲೆ ನಾನು ನಿಂತೆ.

ಊರಿಗೆ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಅವನು ಎಲ್ಲಿ ಕೆಲಸ ಕೇಳಿದರೂ ನಗುತ್ತಿದ್ದರು. ಬಂಟ್ವಾಳದ ಪೇಟೆಯಲ್ಲಿ ಗಾಡಿ ಹೊಡೆಯುವವರು ಕೂಡ, "ನಮ್ಮ ಎತ್ತಿಗೆ ಬ್ರೇಕಿಲ್ಲ, ನಿನಗೆ ಆಗ್ಲಿಕ್ಕಿಲ್ಲ" ಎನ್ನುತ್ತಿದ್ದರು. ಆ ಜನ ಇವತ್ತು ನನ್ನ ಎದುರು ಬಂದರೆ ಏನು ಮಾಡುತ್ತೇನೋ ಗೊತ್ತಿಲ್ಲ. ಆದರೆ ಆಗ ನಾನು ಘಟ್ಟದಿಂದ ರಜೆಗೆ ಬಂದು, ಅದೇ ಜನರ ಜೊತೆ ಕುಳಿತು ಚಾ ಕುಡಿದಿದ್ದೇನೆ.

ಹಾಗೆ ಒಮ್ಮೆ ದೀಪಾವಳಿಗೆ ಬಂದಾಗ ಜಗಲಿಯಲ್ಲಿ ಗುಡ್ಡವೇ ಎದ್ದು ನಿಂತಿತ್ತು. ಹೆಂಚಿನ ಕಾರ್ಖಾನೆಯ ಕೆಂಪು ಮಣ್ಣಿನಲ್ಲಿ ಅಣ್ಣ ಇಡೀ ಗುಡ್ಡ ಕಟ್ಟಿದ್ದ. ಮುರಿದ ಕೊಡೆಗಳ ಕಡ್ಡಿ ಬಿಚ್ಚಿ, ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿ ಹಳಿ ಮಾಡಿದ್ದ. ಸೀಮೆಎಣ್ಣೆ ಡಬ್ಬಿಯ ತಗಡಿನಲ್ಲಿ ಹತ್ತು ಡಬ್ಬಿಗಳು, ನೂಲು ಸುತ್ತುವ ಮರದ ರೀಲು ಕೊಯ್ದು ಚಕ್ರ. ಷೆಡ್ಡು, ಸೇತುವೆ, ತಿರುವು, ತಿರುವಿನ ಕೆಳಗೆ ನಾವು ಊಟಕ್ಕೆ ಕೂರುತ್ತಿದ್ದ ಬಂಡೆಯೂ ಇತ್ತು. ಮಣ್ಣಿನ ಸಣ್ಣ ಮನುಷ್ಯರನ್ನು ಮಾಡಿ ಕಾರ್ಖಾನೆಯ ಒಲೆಯಲ್ಲಿ ಸುಡಿಸಿ ತಂದಿದ್ದ. ಮುಂದಿನ ಡಬ್ಬಿಯಲ್ಲಿ ಒಬ್ಬ, ನಡುವಿನಲ್ಲಿ ಒಬ್ಬ. ತಿರುವಿನಲ್ಲಿ ಸನ್ನೆಕೋಲಿನ ಹತ್ತಿರ, ತಲೆಗೆ ಬೈರಾಸು ಸುತ್ತಿದ ಇನ್ನೊಬ್ಬ. ಅದು ನಾನು.

ಊರವರು ಆಟಿಕೆ ಎಂದುಕೊಂಡು ನೋಡಿ ಹೋಗುತ್ತಿದ್ದರು. ಅಣ್ಣನಿಗೆ ಅದು ಆಟಿಕೆಯಲ್ಲ. "ಮೂಡುಬಿದಿರೆಯ ಬಸ್ಸಿನ ಧಣಿ ಬರ್ತಾರೆ," ಎಂದ. "ಘಟ್ಟದ ಬಸ್ಸು ಓಡಿಸ್ಲಿಕ್ಕೆ ಜನ ಬೇಕಂತೆ, ಅವರೇ ಕಲಿಸ್ತಾರಂತೆ. ಕುಡುಕ ಅಲ್ಲ ಅಂತ ಗೊತ್ತಾದ್ರೆ ತೆಗೆದುಕೊಳ್ತಾರಂತೆ. ಮೇಸ್ತ್ರಿಯನ್ನೂ ಕರೆಸ್ತಾರಂತೆ. ಬಾಯಲ್ಲಿ ಹೇಳಿದ್ರೆ ಯಾರೂ ನಂಬುವುದಿಲ್ಲ. ನಾನು ಓಡಿಸಿ ತೋರಿಸ್ತೇನೆ. ಕೂಗಿದ್ದು ತಪ್ಪು ಭಾಷೆ, ಅದನ್ನು ಒಪ್ತೇನೆ. ಅದು ಸಾಯುವವರೆಗೂ ನನ್ನ ತಲೆ ಮೇಲೆ ಇರ್ತದೆ. ಆದ್ರೆ ಕೂಗಿದ್ದೇನೆ."

ನನ್ನನ್ನು ಏನೂ ಕೇಳಲಿಲ್ಲ. ನೀನು ಹೇಳು ಎನ್ನಲಿಲ್ಲ. ಆ ಮಣ್ಣಿನ ಮನುಷ್ಯನನ್ನು ಮಾತ್ರ ಸರಿಯಾದ ಜಾಗದಲ್ಲಿ ನಿಲ್ಲಿಸಿಟ್ಟಿದ್ದ. ಇವನು ನನಗೆ ಎರಡು ಏಟು ಹೊಡೆದಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ಆಗ ನನಗೆ ಮೈಯೆಲ್ಲ ಉರಿಯಿತು. ಹೊಡೆಯದೆ, ಬೈಯದೆ, ಒಂದು ಬೆರಳುದ್ದದ ಬೊಂಬೆ ಮಾಡಿಟ್ಟು ನನ್ನನ್ನು ಕಟ್ಟಿಹಾಕಿದ್ದಾನೆ ಎಂದು ಅವನ ಮೇಲೆಯೇ ಸಿಟ್ಟು ಮಾಡಿಕೊಂಡೆ.

ಧಣಿ ಬರುವ ದಿನ ಅಣ್ಣ ಸ್ನಾನಕ್ಕೆ ಹೋಗಿದ್ದಾಗ ನಾನು ಆ ಮನುಷ್ಯನನ್ನು ಕಿತ್ತು ಷೆಡ್ಡಿನ ಹಿಂದೆ ನಿಲ್ಲಿಸಿದೆ. ಇದನ್ನೇ ನಾನು ಮಾಡಿದ್ದು. ಅಣ್ಣ ಒದ್ದೆ ತಲೆಯಲ್ಲಿ ಬಂದ, ನೋಡಿದ. ತಿರುವಿನಲ್ಲಿ ಮಣ್ಣಿಗೆ ಚುಚ್ಚಿದ್ದ ತೂತು ಹಾಗೇ ಇತ್ತು. ಅವನು ಮುಟ್ಟಲಿಲ್ಲ.

ಮೇಸ್ತ್ರಿ ಇಸ್ತ್ರಿ ಹಾಕಿದ ಶರ್ಟಿನಲ್ಲಿ ಬಂದ. ಧಣಿ ಮುಂಡು ಎತ್ತಿ ಕಟ್ಟಿ ನೆಲದಲ್ಲೇ ಕುಳಿತರು. ಅಣ್ಣ ಡಬ್ಬಿಗಳನ್ನು ತಲೆಯಿಂದ ಬಿಟ್ಟ. ಕಡ್ಡಿ ಹಳಿಯ ಮೇಲೆ ಅವು ಗರಗರ ಇಳಿದವು. ಎಲ್ಲಿ ಜಾರಿತು, ಎಲ್ಲಿ ಕೂಗಿದೆ, ನಡುವಿನವನು ಎಲ್ಲಿಂದ ಓಡಿದ ಎಂದು ನಿಲ್ಲಿಸಿ ನಿಲ್ಲಿಸಿ ತೋರಿಸಿದ.

"ಚೆಂದ ಉಂಟು," ಎಂದ ಮೇಸ್ತ್ರಿ. "ಮಕ್ಕಳಿಗೆ ಆಗ್ತದೆ."

ಧಣಿ ನಗಲಿಲ್ಲ. ಷೆಡ್ಡಿನ ಹಿಂದಕ್ಕೆ ಬೆರಳು ತೋರಿಸಿ, "ಇವ ಯಾರು?" ಎಂದರು.

"ನನ್ನ ತಮ್ಮ," ಎಂದ ಅಣ್ಣ.

ಧಣಿ ನನ್ನ ಕಡೆ ತಿರುಗಿದರು. "ನೀನಾ? ಅಲ್ಲಿಂದ ಇವನ ಕೂಗು ಕೇಳಿತಾ?"

ಮೇಸ್ತ್ರಿ ನನ್ನನ್ನು ನೋಡಿದ. ಅಣ್ಣ ನೋಡಲಿಲ್ಲ. ಅವನು ಡಬ್ಬಿಯ ಚಕ್ರಕ್ಕೆ ಅಂಟಿದ ಮಣ್ಣನ್ನು ಉಗುರಿನಿಂದ ತೆಗೆಯುತ್ತಿದ್ದ.

"ಇಲ್ಲ," ಎಂದೆ. "ಅಲ್ಲಿಂದ ಕೇಳುವುದಿಲ್ಲ."

ಆ ಮಾತು ಸುಳ್ಳಲ್ಲ ಎಂದು ನಾನು ಎಷ್ಟೋ ಕಾಲ ನನಗೇ ಹೇಳಿಕೊಂಡಿದ್ದೇನೆ. ಷೆಡ್ಡಿನ ಹಿಂದಿನಿಂದ ನಿಜವಾಗಿಯೂ ಕೇಳುತ್ತಿರಲಿಲ್ಲ. ಥೂ! ಎಂಥ ಬುದ್ಧಿ ಅದು. ಶಾಲೆ ಕಲಿಯದವನಿಗೆ ಇಷ್ಟೊಂದು ವಕೀಲಿ ಎಲ್ಲಿಂದ ಬಂತು?

ಧಣಿ ಎದ್ದು ಮುಂಡು ಕೊಡವಿಕೊಂಡರು. "ನಿನ್ನ ಕೈಯಲ್ಲಿ ಕೆಲಸ ಉಂಟು. ಆದ್ರೆ ಬಸ್ಸಿಗೆ ಆಗುವುದಿಲ್ಲ," ಎಂದು ಅಣ್ಣನಿಗೆ ಹೇಳಿ ಹೋದರು. ಅಣ್ಣ ಅದೇ ವಾರ ಗುಡ್ಡಕ್ಕೆ ನೀರು ಹೊಯ್ದು ಕರಗಿಸಿದ. ಕಡ್ಡಿಗಳನ್ನು ಮಾತ್ರ ನೆಟ್ಟಗೆ ಮಾಡಿ ಕಟ್ಟಿಕೊಂಡು ಮೂಡುಬಿದಿರೆಗೆ ಹೋದ. ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಕೊಡೆ ರಿಪೇರಿಗೆ ಕುಳಿತ. ಬಸ್ಸು ಓಡಿಸಬೇಕಾಗಿದ್ದವನು ಬಸ್ಸು ಹತ್ತುವವರ ಕೊಡೆ ಹೊಲಿದ. ನಾನು ಬೇರೆ ಕೆಲಸವಿದ್ದಂತೆ ನಟಿಸುತ್ತ ಆ ದಾರಿಯನ್ನೇ ತಪ್ಪಿಸಿದೆ.

ಅರವತ್ತರ ದಶಕದಲ್ಲಿ ಮೇಸ್ತ್ರಿ ಸತ್ತ. ಅದರ ನಂತರ ನನಗೆ ಧೈರ್ಯ ಬಂತು. ಹೆದರಿಸುವವನು ಸತ್ತ ಮೇಲೆ ಬರುವುದಕ್ಕೆ ಧೈರ್ಯ ಎನ್ನುತ್ತಾರೋ ಇಲ್ಲವೋ, ನನಗೆ ಬಂದದ್ದು ಅಷ್ಟೇ. ಮೊದಲು ಧಣಿಯ ಮನೆಗೆ ಹೋಗಿ ನಿಜ ಹೇಳಿದೆ. ಅವರಿಗೆ ವಯಸ್ಸಾಗಿತ್ತು, ಬಸ್ಸು ಮಾರಿ ಆಗಿತ್ತು. "ನನಗೆ ಹೇಳಿ ಏನು ಪ್ರಯೋಜನ? ಅಲ್ಲಿ ಕೂತಿದ್ದಾನೆ, ಹೋಗು," ಎಂದು ಬೈದರು. ಬೈದದ್ದು ಒಳ್ಳೆಯದೇ ಆಯಿತು.

ಅಣ್ಣನ ಮುಂದೆ ಕೊಡೆ ಕೊಡಲು ಬಂದವರು, ಬಸ್ಸಿಗೆ ಕಾಯುವವರು ಎಲ್ಲ ನಿಂತಿದ್ದರು. ಪಕ್ಕದಲ್ಲಿ ಕಾರ್ಕಳದ ಬಸ್ಸು ಇಂಜಿನ್ ನಿಲ್ಲಿಸದೆ ಗುಡುಗುತ್ತಿತ್ತು. ನಾನು ಬಗ್ಗಿ ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದೆ. ಅವನು ಬಾಯಲ್ಲಿದ್ದ ನೂಲು ಕಚ್ಚಿ ತುಂಡು ಮಾಡಿ ತಲೆಯೆತ್ತಿದ.

"ಎಂಥದು? ಗಟ್ಟಿ ಹೇಳು."

ಬಸ್ಸು ಹೋಗಲಿ ಎಂದು ಕಾಯಬಹುದಿತ್ತು. ಕಾಯಲಿಲ್ಲ. ನಿಂತವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ:

"ಅಣ್ಣಾ, ನೀನು ಕುಡಿದಿರಲಿಲ್ಲ. ನೀನು ಕೂಗಿದ್ದು ನನಗೆ ಕೇಳಿತ್ತು. ನಿನ್ನ ಕೆಲಸದ ಆಸೆಗೆ ಸುಳ್ಳು ಹೇಳಿದೆ. ನನ್ನದು ತಪ್ಪಾಯಿತು."