ಮಂಗ ಜಗ್ಗಿದ ವೈರು

ಆ ಹೊರದೇಶದ ಹೆಣ್ಣುಮಗಳು ನನ್ನ ಮಾಳಿಗೆಯ ಕೋಣೆಗೆ ಬಂದವಳು ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ಆನೆಗೊಂದಿಯಲ್ಲಿ ಅಂಥ ಕಿಟಕಿ ಇನ್ನೊಂದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಬಂದವರೆಲ್ಲ ಹೇಳಿದ ಮಾತು. ಬಾಳೆ ತೋಟ, ಅದರಾಚೆ ಭತ್ತದ ಗದ್ದೆ, ಅದರಾಚೆ ಹೊಳೆ, ಹೊಳೆಯ ಆಚೆ ಬಂಡೆಗಲ್ಲಿನ ಗುಡ್ಡ. ಆಕೆ ಮಾತ್ರ ಮೊಬೈಲು ಹಿಡಿದುಕೊಂಡು ಕೋಣೆಯ ನಾಲ್ಕು ಮೂಲೆಗೂ ಹೋಗಿ ನಿಂತಳು. ಒಂದು ಮೂಲೆಯಲ್ಲಿ ಕೈ ಮೇಲೆತ್ತಿದಳು, ಇನ್ನೊಂದರಲ್ಲಿ ಕುಕ್ಕರುಗಾಲಲ್ಲಿ ಕೂತಳು. ಗುಡಿಗೆ ಪ್ರದಕ್ಷಿಣೆ ಹಾಕಿದವರಂತೆ ಒಂದು ಸುತ್ತು ಮುಗಿಸಿ, "ಕೋಣೆ ಬಹಳ ಚೆಂದ ಇದೆ, ಆದರೆ ಇಲ್ಲಿ ನೆಟ್ ನಿಲ್ಲುವುದಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ ಮೆಟ್ಟಿಲಿಳಿದಳು.

ಹೊಸ ಸುಣ್ಣ ಹೊಡೆಸಿದ್ದೆ. ಹೊಸ ಪರದೆ ಹೊಲಿಸಿದ್ದೆ. ಗಂಡನ ಜೊತೆ ಎರಡು ತಿಂಗಳು ಜಗಳವಾಡಿ ಕೂರುವ ಕಮೋಡು ಕೂಡಿಸಿದ್ದೆ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಇಳಿದವಳು ಹೋದದ್ದಾದರೂ ಎಲ್ಲಿಗೆ? ಪಕ್ಕದ ಮನೆಗೆ. ಪಕ್ಕದ ಮನೆ ಎಂದರೆ ನನ್ನ ನೆಗೆಣ್ಣಿಯ ಮನೆ, ನನ್ನ ಮೈದುನನ ಹೆಂಡತಿ. ಮೊದಲು ಎರಡೂ ಒಂದೇ ಮನೆಯಾಗಿತ್ತು. ಅಣ್ಣತಮ್ಮಂದಿರು ಬೇರೆಯಾದಾಗ ನಡುವೆ ಗೋಡೆ ಎದ್ದಿತು, ಮಾಳಿಗೆಯ ಮೇಲೆ ಮೊಳಕಾಲೆತ್ತರದ ಕಟ್ಟೆ ಬಂತು. ಹಿರಿಯ ಸೊಸೆ ಎಂದು ನನಗೆ ಹೊಳೆಯ ಕಡೆಯ ಭಾಗ, ಆಕೆಗೆ ದನದ ಕೊಟ್ಟಿಗೆಯ ಭಾಗ. ಆ ದಿನ ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಆಕೆ ಕೊಟ್ಟಿಗೆಯ ಮೇಲೆ ತಗಡು ಹಾಕಿಸಿ ಒಂದು ಸಣ್ಣ ಕೋಣೆ ಮಾಡಿಕೊಂಡಳು.

ಆ ತಗಡಿನ ಕೋಣೆಗೆ ಹೋಗಿ ಹೊರದೇಶದವಳು ಮೊಬೈಲು ನೋಡಿದಳು. ಗೋಡೆಯ ಈಚೆ ನಿಂತಿದ್ದ ನನಗೆ ಆಕೆ ಸಣ್ಣ ಹುಡುಗಿಯಂತೆ ಕೂಗಿದ್ದು ಕೇಳಿಸಿತು. ನನ್ನ ಮೈದುನ ಮನೆಯಲ್ಲೇ ಪಹಣಿ, ಝೆರಾಕ್ಸು, ಬಸ್ ಟಿಕೇಟು ಮಾಡಿಕೊಡುತ್ತಾನೆ. ಅದಕ್ಕೆಂದು ಫೈಬರ್ ವೈರು ಎಳೆಸಿದ್ದ, ಕರೆಂಟು ಹೋದರೂ ನಡೆಯಲಿ ಎಂದು ಇನ್ವರ್ಟರ್ ಇಟ್ಟಿದ್ದ. ಸೆಗಣಿ ವಾಸನೆ ಬೇಕಾದರೆ ಇರಲಿ, ಆಕೆಗೆ ಬೇಕಾದದ್ದು ಅದೊಂದೇ. ಸಂಜೆಯ ಹೊತ್ತಿಗೆ ಆಕೆಯ ಚೀಲಗಳು ತಗಡಿನ ಕೋಣೆ ಸೇರಿದವು.

"ಅಕ್ಕಾರ, ಈಕಿ ನಮ್ಮನ್ಯಾಗ ಇರತಾಳಂತ್ರಿ! ನಿಮ್ಮ ಕೋಣಿ ಬಿಟ್ಟು ಇದ್ಯಾಕ ಹಿಡಿಸಿತೋ ಏನೋ, ನನಗಂತೂ ತಿಳೀವಲ್ದು" ಎಂದಳು ನನ್ನ ನೆಗೆಣ್ಣಿ, ಕಟ್ಟೆಯ ಮೇಲೆ ಬಾಗಿ. ಖರೇ ಆಶ್ಚರ್ಯವೇ ಇತ್ತು ಅವಳ ಮುಖದಲ್ಲಿ. ಅದೇ ನನಗೆ ತಡೆಯಲಾಗಲಿಲ್ಲ. ಬೀಗಿದ್ದರೆ ಬೈಯಬಹುದಿತ್ತು.

ಇನ್ನೊಂದು ಉರಿ ಇದೆ. ಎರಡು ವರ್ಷದ ಹಿಂದೆ ವೈರು ಎಳೆಸುವಾಗ ಮೈದುನ ಬಂದು, "ವೈನಿ, ನಿಮಗೂ ಒಂದು ಎಳೆಸಿಬಿಡೂಣೇನ್ರಿ?" ಎಂದು ಕೇಳಿದ್ದ. "ನಮಗ್ಯಾಕಪಾ ಬೇಕದು? ಸಾಲಿ ಕಲಿಸಾಕ ನೆಟ್ ಬೇಕೇನು?" ಎಂದು ನಾನೇ ಸೊಟ್ಟ ಮೋರೆ ಮಾಡಿದ್ದೆ. ನಾನು ಗಂಗಾವತಿಯ ಶಾಲೆಯೊಂದರಲ್ಲಿ ಟೀಚರು. ಆದರೆ ಕಂಬ ನಮ್ಮ ಕಡೆ ಇದ್ದದ್ದರಿಂದ ಅವರ ವೈರು ನಮ್ಮ ಮಾಳಿಗೆಯ ಮೇಲೆಯೇ ಹಾದುಹೋಯಿತು. ವೈರಿನವನು ನಮ್ಮ ಮಾಳಿಗೆಯ ಕಬ್ಬಿಣದ ಗೂಟಕ್ಕೆ ಒಂದು ಕಪ್ಪು ಡಬ್ಬಿ ಕಟ್ಟಿ, "ಅಕ್ಕಾರ, ಇದರ ಮ್ಯಾಲ ಅರಿವಿ ಮಾತ್ರ ಒಣಾ ಹಾಕಬ್ಯಾಡ್ರಿ, ಜೋಡಿಸಿದ್ದು ಕಿತ್ತು ಬರತೈತಿ" ಎಂದು ಹೇಳಿಹೋಗಿದ್ದ. ಆ ಮಾತು ನನಗೆ ಚೆನ್ನಾಗಿ ನೆನಪಿತ್ತು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಈಗ ನಮಗೂ ವೈರು ಬೇಕು ಎಂದು ಅವನಿಗೆ ಫೋನು ಮಾಡಿದರೆ, "ಹಬ್ಬ ಆಗ್ಲಿ ತಡೀರಿ" ಅಂದ.

ಮುಂದಿನ ಮೂರು ವಾರ ನಾನು ಬೆಂದ ಬೇಗೆ ನನಗೇ ಗೊತ್ತು. ಊರ ಹೆಂಗಸರೆಲ್ಲ ಏನಾದರೊಂದು ನೆವ ತೆಗೆದು ನೆಗೆಣ್ಣಿಯ ಮನೆಗೆ ಹೋಗುತ್ತಿದ್ದರು. ಇಂಗ್ಲಿಷು ಬರುವವಳು ನಾನು. ನನ್ನ ನೆಗೆಣ್ಣಿಗೆ ಬರುವುದು 'ಕಮ್', 'ಸಿಟ್' ಎರಡೇ. ಉಳಿದದ್ದನ್ನೆಲ್ಲ ಆಕೆ ಕನ್ನಡದಲ್ಲೇ, ಕಿವಿ ಮಂದವಾದವರಿಗೆ ಹೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದಳು: "ರೊಟ್ಟಿ ತಿನ್ರಿ! ಶೇಂಗಾ ಚಟ್ನಿ ಹಚಗೊಳ್ರಿ! ಖಾರ ಆತೇನ್ರಿ?" ಹೊರದೇಶದವಳು ನಗುತ್ತ ತಿನ್ನುತ್ತಿದ್ದಳು. ನನ್ನ ಇಂಗ್ಲಿಷು ಗೋಡೆಯ ಈಚೆ ಕೂತು ಕೊಳೆಯುತ್ತಿತ್ತು.

ಕೊನೆಗೆ ಒಂದು ದಿನ ನಾನೇ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಟ್ಟೆ ಹಿಡಿದು ಹೋದೆ. ಇಂಗ್ಲಿಷಿನಲ್ಲಿ ಮಾತಾಡುವವರು ಸಿಕ್ಕರೆಂದು ಆಕೆ ತನ್ನ ಕಥೆಯನ್ನೆಲ್ಲ ಹೇಳಿಕೊಂಡಳು. ಆಕೆಯ ಕೆಲಸ ದುಭಾಷಿಯದು. ಆಕೆಯ ದೇಶದ ಆಸ್ಪತ್ರೆಗಳಲ್ಲಿ ಡಾಕ್ಟರದ್ದು ಒಂದು ಭಾಷೆ, ವಲಸೆ ಬಂದ ರೋಗಿಯದು ಇನ್ನೊಂದು. ಇಬ್ಬರ ನಡುವೆ ಈಕೆ ಫೋನಿನಲ್ಲಿ ಕೂತು ಆ ಮಾತು ಇವರಿಗೆ, ಈ ಮಾತು ಅವರಿಗೆ ದಾಟಿಸಬೇಕು. ಜಗತ್ತಿನಲ್ಲಿ ಎಲ್ಲಿ ಬೇಕಾದರೂ ಇರಬಹುದು, ಲೈನು ಮಾತ್ರ ಕಡಿಯಬಾರದು. ಮೊದಲು ಒಂದು ದ್ವೀಪದಲ್ಲಿದ್ದಳಂತೆ, ಮಳೆಗೆ ಲೈನು ಹೋಯಿತು. ಆಮೇಲೆ ಒಂದು ಗುಡ್ಡದ ಊರು, ಅಲ್ಲಿ ಕರೆಂಟು ಹೋಯಿತು. "ಮೂರನೆಯ ಸಲ ಕಡಿದರೆ ನನ್ನನ್ನು ತೆಗೆದುಹಾಕುತ್ತಾರೆ. ಅದಕ್ಕೇ ನಿಮ್ಮ ಕಿಟಕಿ ನೋಡಲಿಲ್ಲ. ನೋಡಿದ್ದರೆ ಮನಸ್ಸು ಸೋಲುತ್ತಿತ್ತು" ಎಂದಳು.

"ಏನಂತಾಳ್ರಿ ಅಕ್ಕಾರ?" ಎಂದು ನೆಗೆಣ್ಣಿ ಕೇಳಿದಳು.

"ಏನಿಲ್ಲ, ಮಿರ್ಚಿ ಛಲೋ ಆಗ್ಯಾವಂತ" ಅಂದೆ. ಕಿಟಕಿಯ ಮಾತು ನನ್ನೊಬ್ಬಳದೇ ಆಗಿರಲಿ ಎಂಬ ಆಸೆ. ಅದರ ಜೊತೆಗೆ ಮೂರನೆಯ ಸಲದ ಮಾತೂ ನನ್ನ ಹೊಟ್ಟೆಯಲ್ಲೇ ಉಳಿಯಿತು.

ಮಹಾನವಮಿ ಹತ್ತಿರ ಬಂತು. ನಮ್ಮ ಕಡೆ ಹಬ್ಬಕ್ಕೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳಲ್ಲಿ ಒಂದನ್ನೂ ಬಿಡದೆ ಒಗೆಯಬೇಕು. ನನಗೂ ಶಾಲೆಗೆ ರಜೆ. ಬೆಳಿಗ್ಗೆಯೇ ಹೊಳೆಗೆ ಹೋಗಿ ಒಗೆದು, ಮಧ್ಯಾಹ್ನದ ಹೊತ್ತಿಗೆ ಮಾಳಿಗೆಯ ಹಗ್ಗಗಳೆಲ್ಲ ತುಂಬಿಹೋದವು. ಉಳಿದದ್ದು ದೊಡ್ಡ ಕೌದಿ ಒಂದೇ. ಅತ್ತೆಯ ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ನಾನೂ ನೆಗೆಣ್ಣಿಯೂ ಎದುರುಬದುರು ಕೂತು ಹೊಲಿದದ್ದು. ಬೇರೆಯಾಗುವಾಗ ಆಕೆ ಕೇಳಿದ್ದು ಅದೊಂದನ್ನೇ. ನಾನು ಕೊಟ್ಟಿರಲಿಲ್ಲ.

ಒಣಗಿದಾಗಲೇ ಭಾರದ ಕೌದಿ, ನೀರು ಕುಡಿದರೆ ಕೇಳಬೇಕೇ? ಗಂಡನ ಕೈಯಲ್ಲಿ ಮೇಲೆ ತರಿಸಿದೆ. "ಎಲ್ಲಿ ಹಾಕಲಿ?" ಎಂದ. "ಅಲ್ಲೇ ಇಡ್ರಿ, ನಾ ಹಾಕ್ತೀನಿ" ಎಂದು ಆತನನ್ನು ಕೆಳಗೆ ಕಳಿಸಿದೆ. ಕಟ್ಟೆಯ ಮೇಲೆ ಹರವಬಹುದಿತ್ತು, ಜಾಗವಿತ್ತು. ಆಚೆ ತಗಡಿನ ಕೋಣೆಯಲ್ಲಿ ಹೊರದೇಶದವಳ ಮಾತು ಶುರುವಾಗಿತ್ತು. ಒಮ್ಮೆ ಒಂದು ಭಾಷೆ, ಒಮ್ಮೆ ಇನ್ನೊಂದು, ನಡುವೆ ನನ್ನ ನೆಗೆಣ್ಣಿ ಆಕೆಗೆ ಚಹಾ ಇಟ್ಟ ಬಟ್ಟಲಿನ ಸದ್ದು. ಆ ಬಟ್ಟಲಿನ ಸದ್ದಿಗೆ ನನಗೆ ಏನಾಯಿತೋ! ಕೌದಿಯ ಒಂದು ತುದಿಯನ್ನು ಎತ್ತಿ, ಎಳೆದು, ಆ ಕಪ್ಪು ವೈರಿನ ಮೇಲೆ ಹಾಕಿದೆ. ವೈರು ಜೋಲಿ ಹೊಡೆಯಿತು. ಗೂಟದ ಹತ್ತಿರ ಟಕ್ ಎಂದಿತು.

ಆಚೆ ಮಾತು ನಿಂತಿತು. ವಾಕ್ಯದ ನಡುವೆಯೇ ನಿಂತಿತು, ನನಗೆ ಭಾಷೆ ತಿಳಿಯದಿದ್ದರೂ ಅದು ತಿಳಿಯಿತು. ಆಮೇಲೆ ಆಕೆ "ಹಲೋ, ಹಲೋ" ಎನ್ನತೊಡಗಿದಳು.

ನಾನು ಮೆಟ್ಟಿಲಿಳಿದು ದೇವರ ಜಗುಲಿಯ ಮುಂದೆ ಕೂತು ಹಿತ್ತಾಳೆ ದೀಪ ತಿಕ್ಕತೊಡಗಿದೆ. ಎಷ್ಟೋ ಹೊತ್ತಾದ ಮೇಲೆ, ಕೌದಿ ತೆಗೆದುಬಿಡಬೇಕು ಎಂದು ಮೇಲೆ ಹೋದರೆ ಅದು ವೈರಿನ ಮೇಲಿಲ್ಲ. ಕಟ್ಟೆಯ ಮೇಲೆ ನೀಟಾಗಿ ಹರವಿಕೊಂಡಿದೆ, ಬಣ್ಣ ಬಿಸಿಲಿಗೆ ಹೋಗಬಾರದೆಂದು ಒಳಮೈ ಮೇಲೆ ಮಾಡಿ. ಗಂಡ ಬಂದು ತೆಗೆದಿರಬೇಕು ಎಂದುಕೊಂಡೆ. ನನ್ನ ಗಂಡನಿಗೆ ಕೌದಿಯ ಒಳಮೈ ಯಾವುದು, ಹೊರಮೈ ಯಾವುದು ಎಂಬುದು ಮದುವೆಯಾದಾಗಿನಿಂದ ಗೊತ್ತಿಲ್ಲ. ಆದರೂ ಹಾಗೆಯೇ ಅಂದುಕೊಂಡೆ.

ಹೊತ್ತು ಇಳಿಯುವಾಗ ವೈರಿನವನು ಬಂದ. "ಯಾರೋ ಜಗ್ಗ್ಯಾರ್ರಿ ಇದನ್ನ. ಡಬ್ಬಿನ ಕಿತ್ತು ಬಂದೈತಿ" ಎಂದ. ನೆಗೆಣ್ಣಿ ಕಟ್ಟೆಯ ಆಚೆಯಿಂದ, "ಯಾರು ಜಗ್ಗತಾರಪಾ? ಮಂಗ್ಯಾ! ನಾ ಕಣ್ಣಾರೆ ನೋಡೀನಿ, ಇಷ್ಟುದ್ದ ಇತ್ತು" ಎಂದು ಎರಡೂ ಕೈ ಚಾಚಿ ತೋರಿಸಿದಳು. ನಮ್ಮೂರಲ್ಲಿ ಹಂಚು ಒಡೆದರೂ ಮಂಗ, ಹಪ್ಪಳ ಕಾಣೆಯಾದರೂ ಮಂಗ. ಅವನು ನಂಬಿದ. ಮಂಗ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಅಂತಾರೆ. ಇಲ್ಲಿ ಮೊಸರು ತಿಂದವಳು ನಾನು, ಒರೆಸಿಕೊಂಡದ್ದು ಮಂಗ.

ಆದರೆ ಮೂರನೆಯ ಸಲ ಆಗಿಹೋಗಿತ್ತು. ಮರುದಿನ ಹೊರದೇಶದವಳು ನನ್ನ ಮನೆಗೆ ಬಂದಳು, ನಾನು ಅಷ್ಟು ದಿನ ಬಯಸಿದ ಹಾಗೆಯೇ. ನನ್ನ ಕೋಣೆಯಲ್ಲಿ ಕೂತು ಅತ್ತಳು. ಲೈನಿನ ಆ ಕಡೆ ಒಬ್ಬ ತಾಯಿ ಇದ್ದಳಂತೆ, ಮಗುವಿನ ಆಪರೇಷನ್ ಹೇಗಾಯಿತು ಎಂದು ಕೇಳಿದ್ದಳಂತೆ. ಡಾಕ್ಟರು ಉತ್ತರ ಕೊಟ್ಟಿದ್ದರು, ಮಗು ಆರಾಮಾಗಿದೆ ಎಂದು. ಈಕೆ ಅದನ್ನು ಕೇಳಿಸಿಕೊಂಡಿದ್ದಳು. ದಾಟಿಸುವಷ್ಟರಲ್ಲಿ ಲೈನು ಹೋಯಿತು. "ಬೇರೆಯವರು ಸಿಗುವ ತನಕ ಆ ತಾಯಿ ಹಾಗೆಯೇ ಕೂತಿದ್ದಳು" ಎಂದಳು. ಕೆಲಸದವರು ಕೊನೆಯದಾಗಿ ಒಂದು ವಾರ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ಎರಡು ಲೈನು ಇರುವ ಜಾಗದಲ್ಲಿ ಕೂರಬೇಕು, ಇಲ್ಲದಿದ್ದರೆ ಮನೆಗೆ. ಇನ್ನಾವುದೋ ದೇಶದ ಒಂದು ದೊಡ್ಡ ನಗರ ಗೊತ್ತುಮಾಡಿಕೊಂಡಿದ್ದಳು. ಹೋಗುವ ಮುಂಚೆ ಕಿಟಕಿಯ ಹತ್ತಿರ ನಿಂತು ಹೊಳೆಯನ್ನು ಬಹಳ ಹೊತ್ತು ನೋಡಿದಳು. ನಾನಾಗಿ ನೋಡಿ ಎನ್ನುವ ಧೈರ್ಯ ಬರಲಿಲ್ಲ.

ನವರಾತ್ರಿಯ ಮೊದಲ ದಿನ ಘಟ ಕೂಡಿಸಿದೆವು, ಮಾರನೆಯ ದಿನ ಆಕೆ ಹೋದಳು. ನೆಗೆಣ್ಣಿ ರೊಟ್ಟಿ ಬುತ್ತಿ ಕಟ್ಟಿಕೊಟ್ಟಳು, ಮೂಗು ಕೆಂಪಗೆ ಮಾಡಿಕೊಂಡು.

ಹಬ್ಬದ ಕೊನೆಯ ದಿನ ನನ್ನ ಮೊಬೈಲಿಗೆ ಆಕೆಯ ಸಂದೇಶ ಬಂತು. ಕೆಲಸ ಉಳಿದಿದೆ. ಎರಡು ಲೈನಿವೆ. ಕಿಟಕಿ ತೆರೆದರೆ ಎದುರಿಗೆ ಇನ್ನೊಂದು ಕಟ್ಟಡದ ಗೋಡೆ. ಮತ್ತು ಕೊನೆಯಲ್ಲಿ: ನಿಮ್ಮ ತಂಗಿಗೆ ಹೇಳಿ, ಅವಳ ರೊಟ್ಟಿ ಬಹಳ ನೆನಪಾಗುತ್ತದೆ. ಅಯ್ಯ ಶಿವನೇ! ಬರೆದದ್ದು ನನಗೆ, ನೆನಪು ಆಕೆಯ ರೊಟ್ಟಿಯದು. ಇಷ್ಟೆಲ್ಲ ಆದ ಮೇಲೂ ನನ್ನ ಹೊಟ್ಟೆಕಿಚ್ಚು ಆರಿರಲಿಲ್ಲ.

ಸಂಜೆ ನೆಗೆಣ್ಣಿ ಹೊಸ ಸೀರೆ ಉಟ್ಟು ಬನ್ನಿ ಕೊಡಲು ಬಂದಳು. ಕಿರಿಯರು ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು, ಹಳೆಯದನ್ನು ಮರೆತು, ಕಾಲಿಗೆ ಬೀಳುವ ದಿನ ಅದು. ಬಗ್ಗುವಾಗ ಆಕೆ ಸೊಂಟಕ್ಕೆ ಕೈ ಕೊಟ್ಟುಕೊಂಡಳು. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಅಕ್ಕಾರ" ಎಂದಳು.

ಸಂದೇಶ ಓದಿ ಹೇಳಿದೆ. ಒಂದು ಮಾತೂ ನುಂಗದೆ, ರೊಟ್ಟಿಯದನ್ನೂ ಸೇರಿಸಿ ಹೇಳಿದೆ. ಕೆಲಸ ಉಳಿಯಿತೆಂದು ಆಕೆ ಕೈ ಮುಗಿದಳು. ಆಮೇಲೆ ತಡೆಯಲಾಗದೆ ಕೇಳಿದೆ: "ಅವತ್ತು ನೀ ಖರೇನ ಮಂಗ್ಯಾನ್ನ ನೋಡಿದ್ದೇನ?"

ಆಕೆ ನನ್ನ ಮುಖ ನೋಡಿ ನಕ್ಕಳು. ಕೊಂಕಿನ ನಗೆಯಲ್ಲ, ಕೌದಿ ಹೊಲಿಯುವಾಗ ನಾನು ಸೂಜಿ ಚುಚ್ಚಿಕೊಂಡರೆ ನಗುತ್ತಿದ್ದಳಲ್ಲ, ಅದೇ ನಗೆ.

"ಮಂಗ್ಯಾ ಕೌದಿ ಒಗೀತಾವೇನ್ರಿ ಅಕ್ಕಾರ? ಒಬ್ಬಾಕಿನ ಎತ್ತಿ ಕಟ್ಟಿ ಮ್ಯಾಲ ಹಾಕೀನಿ ನೋಡ್ರಿ, ನಡಾ ಇನ್ನೂ ಹಿಡಕೊಂಡೈತಿ" ಎಂದು ಹೇಳಿ, ಇನ್ನೂ ನಾಲ್ಕು ಮನೆಗೆ ಬನ್ನಿ ಕೊಡುವುದಿದೆ ಎಂದು ಹೊರಟುಹೋದಳು.

ಬನ್ನಿ ಎಲೆ ನನ್ನ ಅಂಗೈಯಲ್ಲಿತ್ತು. ಇದರಲ್ಲೂ ಈಕೆಯೇ ಮೇಲಾದಳಲ್ಲ ಎಂದು ಮೊದಲು ಅನಿಸಿತು. ಆಮೇಲೆ ಅಳು ಬಂತು.